85 ಎಂಎಂ ಎಫ್ 1.8: ಬಹಳ ಕಾಲ ಬಳಸಿದ ಮೇಲೆ, ಮುಖ್ಯವಾಗಿ ಒಂದು ಅಂಕಿಯ ಬಗ್ಗೆ

ಪೋರ್ಟ್ರೇಟ್ ಲೆನ್ಸ್, ಅಂದರೆ ಮುಖಚಿತ್ರದ ಲೆನ್ಸ್, ಕೊಳ್ಳಲು ಹೊರಟವರೆಲ್ಲ ಮೊದಲು ನೋಡುವುದು ಅಪರ್ಚರ್ ಅಂಕಿಯನ್ನು, ಅಂದರೆ ಬೆಳಕು ಒಳಬಿಡುವ ಕಿಂಡಿಯ ಅಳತೆಯನ್ನು; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಹಿನ್ನೆಲೆ ಹೆಚ್ಚು ಮಸುಕು. 1.8 ಸಾಕೇ, 1.4 ಬೇಕೇ, ಕೈಗೆಟುಕುವುದಾದರೆ 1.2 ಯಾಕಾಗಬಾರದು ಎಂದು ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಅದೇ ವಿವರಪಟ್ಟಿಯಲ್ಲಿ ನಾಲ್ಕೈದು ಸಾಲು ಕೆಳಗೆ ಇನ್ನೊಂದು ಅಂಕಿ ಇರುತ್ತದೆ: ಕನಿಷ್ಠ ಫೋಕಸ್ ದೂರ, ಅದಕ್ಕಿಂತ ಹತ್ತಿರದ್ದು ಯಾವುದೂ ಸ್ಪಷ್ಟವಾಗಿ ಬಾರದು. ನನ್ನ ಲೆನ್ಸಿನಲ್ಲಿ ಅದು 0.8 ಮೀಟರ್. ಈ ಲೆನ್ಸಿನ ಮೇಲೆ ನನಗಿರುವ ಸಿಟ್ಟು, ಅಕ್ಕರೆ ಎರಡೂ ಆ ಒಂದು ಅಂಕಿಯಿಂದಲೇ ಹುಟ್ಟಿದವು.

ಕ್ಯಾಮೆರಾ ಫುಲ್ ಫ್ರೇಮ್ (ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿರುವ) ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ್ದು. ಲೆನ್ಸ್ 85 ಎಂಎಂ ಎಫ್ 1.8: 85 ಅದರ ಫೋಕಲ್ ಉದ್ದ (ಈ ಅಂಕಿ ಹೆಚ್ಚಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ), 1.8 ಅಪರ್ಚರ್. ಹೆಚ್ಚುಕಮ್ಮಿ ಇದೇ ಅಳತೆಯ, ಇದೇ 0.8 ಮೀಟರ್ ಮಿತಿಯ ಲೆನ್ಸುಗಳನ್ನು ಒಂದಕ್ಕಿಂತ ಹೆಚ್ಚು ಕಂಪನಿಗಳು ಮಾಡುತ್ತವೆ, ಹಾಗಾಗಿ ಹೆಸರು ಇಲ್ಲಿ ಅಷ್ಟು ಮುಖ್ಯವಲ್ಲ. ನಾನು ದುಡ್ಡಿಗಾಗಿ ಫೋಟೋ ತೆಗೆಯುವವನಲ್ಲ. ಅಮ್ಮ, ಅಕ್ಕನ ಮಕ್ಕಳು, ಗೆಳೆಯರು, ಅವರ ಮನೆಗೆ ಹೊಸದಾಗಿ ಬಂದ ಕೂಸು, ಇವರೇ ನನ್ನ ಫ್ರೇಮಿನೊಳಗೆ ಬರುವವರು. ಒಂದು ಲೆನ್ಸ್ ಕೊಂಡರೆ ಅದರ ಜತೆ ವರ್ಷಗಳನ್ನೇ ಕಳೆಯಬೇಕು, ಮತ್ತೊಂದಕ್ಕೆ ಕೈ ಹಾಕುವ ಹಾಗಿಲ್ಲ. 1.4ರ ಆಸೆಯನ್ನು ಬಿಟ್ಟು 1.8 ತೆಗೆದುಕೊಂಡದ್ದು ಆ ಕಾರಣಕ್ಕೆ. ಆ ನಿರ್ಧಾರದ ಬಗ್ಗೆ ಇವತ್ತಿಗೂ ನನಗೆ ಬೇಸರವಿಲ್ಲ. ಬೇಸರ ಬೇರೆಯದು.

ಕೂಸು ನಿದ್ದೆಯಲ್ಲಿ ಮುಷ್ಟಿ ಬಿಗಿಹಿಡಿದಿರುತ್ತದೆ. ಆ ಪುಟ್ಟ ಬೆರಳುಗಳು, ಉಗುರಿನ ಅಂಚು, ಮಣಿಕಟ್ಟಿನ ಮಡಿಕೆ, ಇಷ್ಟೇ ಫ್ರೇಮ್ ತುಂಬ ಬೇಕು ಅನಿಸುತ್ತದೆ. ಬಗ್ಗಿ ಹತ್ತಿರ ಹೋದರೆ ಫೋಕಸ್ ಹಿಡಿಯುವುದಿಲ್ಲ. ಮೋಟಾರು ಹಿಂದೆ ಮುಂದೆ ಒಮ್ಮೆ ಓಡಾಡಿ ಎಲ್ಲೋ ನಿಂತುಬಿಡುತ್ತದೆ, ಪರದೆಯ ಮೇಲಿನ ಹಸಿರು ಚೌಕ ಬರುವುದೇ ಇಲ್ಲ. ಅರ್ಧ ಹೆಜ್ಜೆ ಹಿಂದೆ ಸರಿದರೆ ತಟ್ಟನೆ ಹಿಡಿಯುತ್ತದೆ, ಆದರೆ ಅಷ್ಟರಲ್ಲಿ ಮುಷ್ಟಿ ಫ್ರೇಮಿನ ಒಂದು ಮೂಲೆಯಷ್ಟಾಗಿರುತ್ತದೆ. ಅಮ್ಮನ ಕೈ ಮೇಲಿನ ನರಗಳು, ಕನ್ನಡಕದ ಹಿಂದಿನ ಕಣ್ಣಿನ ಸುತ್ತಲ ಗೆರೆಗಳು, ಹುಡುಗಿಯ ಮುಂದಿನ ಹಲ್ಲು ಬಿದ್ದ ನಗು, ಎಲ್ಲದರಲ್ಲೂ ಇದೇ ಕತೆ. ಯಾವ ಕ್ಷಣದಲ್ಲಿ ಇನ್ನೊಂದು ಗೇಣು ಹತ್ತಿರ ಹೋಗಬೇಕು ಅನಿಸುತ್ತದೋ ಆ ಕ್ಷಣದಲ್ಲೇ ಲೆನ್ಸ್ ಒಲ್ಲೆ ಅನ್ನುತ್ತದೆ.

ಅಂಕಿಯಲ್ಲೇ ಹೇಳುವುದಾದರೆ, ನನ್ನ ಲೆನ್ಸಿನ ಗರಿಷ್ಠ ವರ್ಧನೆ 0.13 ಪಟ್ಟು, ಅಂದರೆ ಸೆನ್ಸರಿನ ಮೇಲೆ ಬೀಳುವ ಬಿಂಬ ನಿಜವಾದ ವಸ್ತುವಿನ ಅಷ್ಟು ಪಾಲು. ಫುಲ್ ಫ್ರೇಮ್ ಸೆನ್ಸರ್ 36 ಎಂಎಂ ಅಗಲ, 24 ಎಂಎಂ ಎತ್ತರ. 36ನ್ನು 0.13ರಿಂದ ಭಾಗಿಸಿ: ಸುಮಾರು 28 ಸೆಂ.ಮೀ. 24ಕ್ಕೂ ಹಾಗೆಯೇ ಮಾಡಿದರೆ ಸುಮಾರು 18 ಸೆಂ.ಮೀ. ಈ ಲೆನ್ಸ್ ಹಿಡಿಯಬಲ್ಲ ಅತಿ ಸಣ್ಣ ಜಾಗ ಇಷ್ಟು. ದೊಡ್ಡವರ ಮುಖಕ್ಕೆ ಸರಿಹೋಗುತ್ತದೆ, ಕೂಸಿನ ಮುಷ್ಟಿಗೆ ಏನೇನೂ ಸಾಲದು. ಲೆನ್ಸ್ ಕೊಳ್ಳುವವರು ಈ ಭಾಗಾಕಾರವನ್ನು ಮೊದಲೇ ಮಾಡಿನೋಡಿ. ದೂರದ ಅಂಕಿಗಿಂತ ಹೆಚ್ಚು ಅರ್ಥವಾಗುವುದು ಇದರಿಂದ. ಇನ್ನೊಂದು ವಿಷಯ: ಕನಿಷ್ಠ ಫೋಕಸ್ ದೂರವನ್ನು ಅಳೆಯುವುದು ಕ್ಯಾಮೆರಾದೊಳಗಿನ ಸೆನ್ಸರಿನಿಂದ, ಲೆನ್ಸಿನ ಮುಂಗಾಜಿನಿಂದಲ್ಲ. ಕ್ಯಾಮೆರಾದ ಮೇಲೆ ಅಡ್ಡಗೆರೆ ಎಳೆದ ಪುಟ್ಟ ವೃತ್ತವೊಂದಿರುತ್ತದಲ್ಲ, ಅಳತೆ ಶುರುವಾಗುವುದು ಅಲ್ಲಿಂದ.

ಎಲ್ಲ 85 ಎಂಎಂ ಲೆನ್ಸುಗಳೂ ಹೀಗಲ್ಲ ಎನ್ನುವುದೇ ಹೊಟ್ಟೆ ಉರಿಸುವ ಸಂಗತಿ. 2020ರಲ್ಲಿ ಬಂದ ಕ್ಯಾನನ್ ಆರ್‌ಎಫ್ 85 ಎಂಎಂ ಎಫ್ 2 ಮ್ಯಾಕ್ರೋ 0.35 ಮೀಟರಿನವರೆಗೂ ಹೋಗುತ್ತದೆ, ವರ್ಧನೆ 0.5 ಪಟ್ಟು. ಅದೇ ಭಾಗಾಕಾರ ಹಾಕಿದರೆ 7.2 ಸೆಂ.ಮೀ. ಅಗಲದ ಜಾಗ ಫ್ರೇಮ್ ತುಂಬುತ್ತದೆ. ಕೂಸಿನ ಮುಷ್ಟಿಗೆ ಹೇಳಿಮಾಡಿಸಿದ ಅಳತೆ. ಜತೆಗೆ ಲೆನ್ಸಿನಲ್ಲೇ ಕಂಪನ ತಡೆಯುವ ವ್ಯವಸ್ಥೆಯೂ ಇದೆ. ಆದರೆ ಬೇರೆ ಮೌಂಟಿನ (ಲೆನ್ಸ್ ಕೂರುವ ಬಾಯಿಯ) ಕ್ಯಾಮೆರಾ ಇರುವವರಿಗೆ ಅದು ಕಿಟಕಿಯಾಚೆಯ ಮಾತು. ಅಷ್ಟು ಹತ್ತಿರಕ್ಕೆ ಹೋಗಬೇಕಾದರೆ ಒಳಗಿನ ಫೋಕಸ್ ಗಾಜುಗಳು ಹೆಚ್ಚು ದೂರ ಚಲಿಸಬೇಕಾಗುತ್ತದೆ, ಹತ್ತಿರದಲ್ಲೂ ಚಿತ್ರ ಕೆಡದಂತೆ ವಿನ್ಯಾಸ ಮಾಡಬೇಕಾಗುತ್ತದೆ. ಸಣ್ಣದಾಗಿ, ಹಗುರಾಗಿ, ವೇಗವಾಗಿ ಫೋಕಸ್ ಆಗುವಂತೆ ಮಾಡಲು ಹೊರಟವರು ಮೊದಲು ಬಿಟ್ಟುಕೊಡುವುದು ಈ ಸಮೀಪವನ್ನೇ. ಕಾರಣ ಗೊತ್ತು. ಆದರೂ ಆ ಅರ್ಧ ಹೆಜ್ಜೆ ಹಿಂದೆ ಸರಿಯುವಾಗ ಪ್ರತಿಸಲ ಮನಸ್ಸಿಗೆ ಚುರುಕ್ ಅನ್ನುತ್ತದೆ.

ಇಷ್ಟು ದೂರಿದವನು ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾನೆ ಎಂದು ಕೇಳಬಹುದು. ಒಂದೂವರೆ ಮೀಟರ್ ದೂರದಲ್ಲಿ ಈ ಲೆನ್ಸ್ ಕೊಡುವ ಮುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ತಲೆ ಮತ್ತು ಭುಜ ಉದ್ದನೆಯ ಫ್ರೇಮಿನಲ್ಲಿ ಕೂರಬೇಕೆಂದರೆ 85 ಎಂಎಂನಲ್ಲಿ ನಿಲ್ಲಬೇಕಾದ ಜಾಗ ಸುಮಾರು ಒಂದೂವರೆ ಮೀಟರ್. 35 ಎಂಎಂನಲ್ಲಿ ಅದೇ ಫ್ರೇಮಿಗೆ ಅರವತ್ತು ಸೆಂ.ಮೀ. ಚಿಲ್ಲರೆಗೆ ಹೋಗಬೇಕು. ಮುಖದ ಆಕಾರ ಬದಲಾಗುವುದು ಈ ದೂರದಿಂದ. ಮೂಗಿನ ತುದಿಗೂ ಕಿವಿಗೂ ನಡುವೆ 12 ಸೆಂ.ಮೀ. ಇದೆ ಎಂದುಕೊಳ್ಳಿ. ಮೂಗಿನಿಂದ ಅರ್ಧ ಮೀಟರ್ ದೂರದಲ್ಲಿ ಕ್ಯಾಮೆರಾ ಇದ್ದರೆ ಕಿವಿ ಇರುವುದು 62 ಸೆಂ.ಮೀ. ದೂರದಲ್ಲಿ, ಕಿವಿಗೆ ಹೋಲಿಸಿದರೆ ಮೂಗು ಸುಮಾರು ಶೇ. 24ರಷ್ಟು ಉಬ್ಬಿ ಕಾಣುತ್ತದೆ. ಒಂದೂವರೆ ಮೀಟರ್ ದೂರ ಹೋದರೆ ಈ ವ್ಯತ್ಯಾಸ ಶೇ. 8ಕ್ಕೆ ಇಳಿಯುತ್ತದೆ. 85 ಎಂಎಂ ಮುಖವನ್ನು ಚಂದ ಮಾಡುತ್ತದೆ ಎನ್ನುವವರು ಲೆನ್ಸಿಗೆ ಕೊಡುವ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಈ ದೂರಕ್ಕೆ ಸಲ್ಲಬೇಕು. ಅಷ್ಟು ದೂರ ನಿಂತೂ ಫ್ರೇಮನ್ನು ಮುಖದಿಂದ ತುಂಬುವುದಷ್ಟೇ ಲೆನ್ಸಿನ ಕೆಲಸ.

ಅಳತೆಗೆ ಸಿಗದ ಲಾಭವೊಂದಿದೆ, ನನಗೆ ಅದೇ ದೊಡ್ಡದು. ಒಂದೂವರೆ, ಎರಡು ಮೀಟರ್ ಎಂದರೆ ಇಬ್ಬರು ಎದುರುಬದುರು ಕೂತು ಮಾಮೂಲಿ ದನಿಯಲ್ಲಿ ಮಾತಾಡುವ ದೂರ. ಅಮ್ಮನಿಗೆ ಕ್ಯಾಮೆರಾ ಎಂದರೆ ಆಗದು. ಕಡಿಮೆ ಎಂಎಂನ ಲೆನ್ಸ್ ಹಾಕಿಕೊಂಡು ಹತ್ತಿರ ಹೋದರೆ ಗಲ್ಲ ಒಳಗೆಳೆದುಕೊಂಡು ತುಟಿ ಬಿಗಿಯುತ್ತಾರೆ. ಇದರಲ್ಲಿ ನಾನು ಕೋಣೆಯ ಆ ಬದಿಯ ಕುರ್ಚಿಯಲ್ಲಿ ಕೂತು ಏನೋ ಕೇಳುತ್ತೇನೆ, ಅವರು ಉತ್ತರ ಹೇಳುತ್ತಾರೆ. ಹೇಳುತ್ತ ಹೇಳುತ್ತ ಕ್ಯಾಮೆರಾ ಮರೆಯುತ್ತಾರೆ. ಎರಡು ಮಾತುಗಳ ನಡುವೆ ಏನನ್ನೋ ನೆನಪಿಸಿಕೊಳ್ಳುವಾಗ ಕಣ್ಣು ಪಕ್ಕಕ್ಕೆ ಹೊರಳುತ್ತದಲ್ಲ, ಆಗ ಒತ್ತುತ್ತೇನೆ. ಹತ್ತಿರ ಬರಬೇಡ ಎಂದು ಲೆನ್ಸ್ ಹೇಳಿದ್ದಕ್ಕೆ ನನಗೆ ಸಿಕ್ಕ ಚಿತ್ರಗಳು ಇವು.

ಸಂಜೆ ಇದೇ ನನ್ನ ರೂಢಿ. ಬಿಸಿಲು ನೇರ ಬೀಳದ ಕಿಟಕಿಯ ಪರದೆಯನ್ನು ಅರ್ಧ ಸರಿಸುತ್ತೇನೆ, ಕುರ್ಚಿಯನ್ನು ಕಿಟಕಿಗೆ ಓರೆಯಾಗಿ ಇಡುತ್ತೇನೆ, ಕೋಣೆಯ ದೀಪ ಆರಿಸುತ್ತೇನೆ. ದೀಪದ ಹಳದಿಯೂ ಕಿಟಕಿಯ ನೀಲಿಯೂ ಮುಖದ ಎರಡು ಕೆನ್ನೆ ಹಂಚಿಕೊಂಡರೆ ಆಮೇಲೆ ಬಣ್ಣ ಸರಿಪಡಿಸುವುದು ತಲೆನೋವು. ಹಿಂದುಮುಂದಾಗಿ ಸಿಕ್ಕಿಸಿಟ್ಟ ಹುಡ್ (ಅಡ್ಡ ಬೆಳಕು ತಡೆಯುವ ಲೆನ್ಸಿನ ಟೋಪಿ) ತೆಗೆದು ನೇರ ತಿರುಗಿಸಿ ಹಾಕುತ್ತೇನೆ. ಟಕ್ ಎಂದು ಕೂರುವ ಆ ಸದ್ದು ಮಕ್ಕಳಿಗೂ ಗುರುತು, ಕೇಳಿದೊಡನೆ ಬಂದು ಸಾಲಾಗಿ ನಿಲ್ಲುತ್ತಾರೆ. ಮುಂಗಾಜಿನ ದೂಳನ್ನು ರಬ್ಬರಿನ ಊದುಗೊಳವೆಯಿಂದ ಹಾರಿಸಿ, ಕಲೆ ಇದ್ದರಷ್ಟೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸುತ್ತೇನೆ. ಕಣ್ಣು ಗುರುತಿಸುವ ಆಟೋಫೋಕಸ್ ಚಾಲೂ. ಲೆನ್ಸಿನ ಮೈಮೇಲಿರುವ ಗುಂಡಿಗೆ ಎಡಗಣ್ಣು, ಬಲಗಣ್ಣು ಬದಲಿಸುವ ಕೆಲಸ ಒಪ್ಪಿಸಿದ್ದೇನೆ. ಹೆಬ್ಬೆರಳಿಗೆ ಅದು ಎಷ್ಟು ಒಗ್ಗಿಹೋಗಿದೆಯೆಂದರೆ, ಆ ಗುಂಡಿ ಇಲ್ಲದ ಲೆನ್ಸ್ ಹಿಡಿದಾಗ ಬೆರಳು ಸುಮ್ಮನೆ ತಡಕಾಡುತ್ತದೆ.

ಮಕ್ಕಳಿಗೆ ಶಟರ್ ಸ್ಪೀಡ್ ಸೆಕೆಂಡಿನ 1/250ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಕ್ಯಾಮೆರಾದೊಳಗಿನ ಸ್ಟೆಬಿಲೈಸೇಶನ್ ನನ್ನ ಕೈನಡುಕ ತಡೆಯಬಹುದು, ಮಗುವಿನ ಓಟ ತಡೆಯುವುದಿಲ್ಲ. ಬೆಳಕು ಸಾಲದಿದ್ದರೆ ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಲಿ.

ಇನ್ನು ಎಲ್ಲರೂ ಕೇಳುವ 1.8, 1.4ರ ವಿಚಾರ. ಒಂದೂವರೆ ಮೀಟರ್ ದೂರದಲ್ಲಿ ಎಫ್ 1.8ಕ್ಕೆ ಸ್ಪಷ್ಟವಾಗಿ ಕಾಣುವ ಪದರ ಸುಮಾರು 3.4 ಸೆಂ.ಮೀ. ಮುಖ ಸ್ವಲ್ಪ ಓರೆಯಾದರೂ ಹತ್ತಿರದ ಕಣ್ಣು ಚೂಪಾಗಿ, ದೂರದ ಕಣ್ಣು ಮೃದುವಾಗಿ ಬರುತ್ತದೆ. ಎಫ್ 1.4ರಲ್ಲಿ ಅದು 2.6 ಸೆಂ.ಮೀ. ಆಸುಪಾಸಿಗೆ ಇಳಿಯುತ್ತದೆ. ನನಗೆ ಎರಡೂ ಕಣ್ಣು ಬೇಕು, ಆದ್ದರಿಂದ ನಾನು ಬಹುಪಾಲು ಇರುವುದೇ 2.2ರಿಂದ 2.8ರ ನಡುವೆ. ಅಲ್ಲೂ ಹಿನ್ನೆಲೆ ಸಾಕಷ್ಟು ಕರಗುತ್ತದೆ, ಆ ವ್ಯಕ್ತಿಯ ಬೆನ್ನ ಹಿಂದೆ ಎರಡು ಮೂರು ಮೀಟರ್ ಖಾಲಿ ಇದ್ದರೆ ಸರಿ. ಗೋಡೆಗೆ ಒರಗಿ ನಿಂತವರ ಹಿಂದಿನ ಗೋಡೆಯನ್ನು 1.4 ಕೂಡ ಕರಗಿಸಲಾರದು. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವವರಿಗೆ ಆ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಇಮ್ಮಡಿ) ಬೆಳಕು ನಿಜಕ್ಕೂ ಬೇಕಾಗುತ್ತದೆ, ಅವರು 1.4 ಕೊಳ್ಳಲಿ. ಭಾರದ ಭಯವೂ ಈಗ ಕಡಿಮೆ. ಸಿಗ್ಮಾದ ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಕಾಲದ 85 ಎಂಎಂ ಎಫ್ 1.4 ಆರ್ಟ್ ಒಂದು ಕೆ.ಜಿ. ಮೀರಿತ್ತು, 2020ರಲ್ಲಿ ಮಿರರ್‌ಲೆಸ್‌ಗೆಂದೇ ಬಂದ ಡಿಜಿ ಡಿಎನ್ ಆವೃತ್ತಿ ಸುಮಾರು 630 ಗ್ರಾಂ. ನನ್ನದು 400 ಗ್ರಾಂ ಒಳಗೇ ಇದೆ, ದಿನವಿಡೀ ಕುತ್ತಿಗೆಯಲ್ಲಿ ತೂಗಿದರೂ ನೋವಿಲ್ಲ.

1.8ರಲ್ಲಿ ಇನ್ನೊಂದು ತೊಡಕು ಇದೆ, ಬಣ್ಣದ ಅಂಚು. ಅಮ್ಮನ ಕನ್ನಡಕದ ಲೋಹದ ಚೌಕಟ್ಟಿಗೆ ಬೆಳಕು ಹೊಡೆದರೆ ಫೋಕಸಿಗಿಂತ ಮುಂದಿರುವ ಅಂಚು ನೇರಳೆ, ಹಿಂದಿರುವುದು ಹಸಿರು. ಬೆನ್ನ ಹಿಂದೆ ಬಿಸಿಲಿದ್ದರೆ ನರೆಗೂದಲಿನಲ್ಲೂ ಅದೇ. ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಲೆನ್ಸ್ ಪ್ರೊಫೈಲ್ (ಆ ಲೆನ್ಸಿನ ದೋಷ ತಿದ್ದುವ ಸಿದ್ಧ ಸೆಟ್ಟಿಂಗ್) ಹಾಕಿದ ಮಾತ್ರಕ್ಕೆ ಇದು ಹೋಗುವುದಿಲ್ಲ; ಫ್ರೇಮಿನ ಅಂಚಿನಲ್ಲಿ ಬರುವ ಬಣ್ಣದೋಷ ಬೇರೆ, ಇದು ಬೇರೆ. ಅಲ್ಲೇ ಇರುವ ಡಿಫ್ರಿಂಜ್ (ಬಣ್ಣದಂಚು ಅಳಿಸುವ) ಸ್ಲೈಡರ್ ಎಳೆದರೆ ಹೋಗುತ್ತದೆ, ಆದರೆ ಜತೆಗೆ ಸೀರೆಯ ನೇರಳೆ ಅಂಚೂ ಪೇಲವವಾಗುವುದುಂಟು. 2.8ಕ್ಕೆ ಇಳಿಸುವುದೇ ಸುಲಭದ ಮದ್ದು.

ಕೋಣೆಯ ಉದ್ದವನ್ನೂ ಅಳೆದುಕೊಳ್ಳಿ. ಸೊಂಟದವರೆಗಿನ ಚಿತ್ರಕ್ಕೆ ಎರಡು ಮೀಟರಿನ ಮೇಲೆ, ನಿಂತ ಆಳು ತಲೆಯಿಂದ ಕಾಲಿನವರೆಗೆ ಬರಬೇಕಾದರೆ ಐದು ಮೀಟರ್ ಹತ್ತಿರ ಬೇಕು. ಮೂರು ಮೀಟರಿನ ಕೋಣೆಯಲ್ಲೇ ಎಲ್ಲ ಆಗಬೇಕು ಎನ್ನುವವರು 50 ಎಂಎಂ ಕೊಂಡರೆ ಹೆಚ್ಚು ಸುಖವಾಗಿರುತ್ತಾರೆ. ಮೂರು ಜನ ಒಟ್ಟಿಗೆ ಕೂತರೂ ಈ ಲೆನ್ಸ್ ಹಿಡಿದು ಬೆನ್ನು ಗೋಡೆಗೆ ತಾಗುವವರೆಗೆ ಸರಿಯಬೇಕಾಗುತ್ತದೆ.

ಎಪಿಎಸ್-ಸಿ, ಅಂದರೆ ಫುಲ್ ಫ್ರೇಮಿಗಿಂತ ಸಣ್ಣ ಸೆನ್ಸರಿನ ಕ್ಯಾಮೆರಾ ಇದ್ದರೆ 56 ಎಂಎಂ ನೋಡಿ, 1.5 ಪಟ್ಟು ಕ್ರಾಪಿನಲ್ಲಿ (ಸಣ್ಣ ಸೆನ್ಸರ್ ನೋಟವನ್ನು ಅಷ್ಟು ಕತ್ತರಿಸುತ್ತದೆ) ಅದು 84ರ ನೋಟ ಕೊಡುತ್ತದೆ. ಸಿಗ್ಮಾ 56 ಎಂಎಂ ಎಫ್ 1.4 ಅರ್ಧ ಮೀಟರಿನವರೆಗೆ ಹತ್ತಿರ ಹೋಗುತ್ತದೆ, ತೂಕ 280 ಗ್ರಾಂ. ಹಿನ್ನೆಲೆಯ ಮಸುಕು ಫುಲ್ ಫ್ರೇಮಿನ 85 ಎಂಎಂ ಎಫ್ 2.1ರಷ್ಟು, ಅಂದರೆ ನಾನು ದಿನವೂ ಬಳಸುವಷ್ಟೇ. ಕೈ ಇನ್ನೂ ಬಿಗಿ ಇದ್ದರೆ ಆ ಕ್ಯಾಮೆರಾಕ್ಕೆ ಮಾಮೂಲಿ 50 ಎಂಎಂ ಎಫ್ 1.8 ಹಾಕಿ, 75ರ ನೋಟ ಸಿಗುತ್ತದೆ. ಮುಖಕ್ಕೆ ಧಾರಾಳ ಸಾಕು. ಇನ್ನೂ ಸಣ್ಣ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್‌ನವರಿಗೆ ಒಲಿಂಪಸ್ 45 ಎಂಎಂ ಎಫ್ 1.8 ಇದೆ, 116 ಗ್ರಾಂ, ಜೇಬಿಗೆ ಹಾಕಿಕೊಂಡು ಮರೆತುಬಿಡುವಷ್ಟು ಹಗುರ. ಹಿನ್ನೆಲೆ ಅಷ್ಟಾಗಿ ಕರಗದು, ನೋಟದಲ್ಲಿ ಅದು 90 ಎಂಎಂ ಎಫ್ 3.6ಕ್ಕೆ ಸಮ.

ಕೂಸಿನ ಮುಷ್ಟಿಯ ಸಮಸ್ಯೆಗೆ ನಾನು ಹುಡುಕಿಕೊಂಡ ದಾರಿ 10 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಬಳೆ ಇದು, ಒಳಗೆ ಗಾಜಿಲ್ಲ, ಹಾಗಾಗಿ ಚಿತ್ರದ ಗುಣಕ್ಕೆ ದೊಡ್ಡ ಪೆಟ್ಟೂ ಇಲ್ಲ. ಎಲೆಕ್ಟ್ರಾನಿಕ್ ಸಂಪರ್ಕಗಳಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಅಪರ್ಚರೂ ಆಟೋಫೋಕಸೂ ಕೆಲಸ ಮಾಡುವುದಿಲ್ಲ. ಇದನ್ನು ಹಾಕಿದರೆ ವರ್ಧನೆ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ, 28 ಸೆಂ.ಮೀ. ಇದ್ದ ಜಾಗ 14ರ ಹತ್ತಿರಕ್ಕೆ ಬರುತ್ತದೆ. ಇದು ಇರುವಾಗ ದೂರದ್ದು ಯಾವುದೂ ಫೋಕಸ್ ಆಗದು; ಲೆನ್ಸಿನ ಸ್ವಂತ ಮಿತಿ ಎಲ್ಲಿ ಮುಗಿಯುತ್ತದೋ ಸುಮಾರು ಅಲ್ಲಿಂದ ಒಳಗಷ್ಟೇ ಇದರ ವ್ಯಾಪ್ತಿ. ಮಲಗಿದ ಕೂಸಿಗೆ ಅದು ಸಾಕು. ಅಷ್ಟು ಹತ್ತಿರದಲ್ಲಿ ಎಫ್ 1.8ರ ಸ್ಪಷ್ಟ ಪದರ ಕೆಲವೇ ಮಿಲಿಮೀಟರ್, ಹಾಗಾಗಿ 5.6ಕ್ಕೆ ಇಳಿಸಿ, ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ ತೆಗೆಯುತ್ತೇನೆ. ಎದ್ದು ಓಡಾಡುವ ಮಕ್ಕಳ ಹಿಂದೆ ಮಾತ್ರ ಇದನ್ನು ಹಾಕಿಕೊಂಡು ಹೋಗಬೇಡಿ. ಬಿಚ್ಚಿ ಮತ್ತೆ ಲೆನ್ಸ್ ಕೂರಿಸುವಷ್ಟರಲ್ಲಿ ಅವರು ಇನ್ನೊಂದು ಕೋಣೆಯಲ್ಲಿರುತ್ತಾರೆ.