ಹಳೆಯ ಸ್ಮೂತ್ ಜಾಝ್ ಎಲ್ಲಿ ಕೇಳುವುದು? ಏಳು ಕೃತಿಗಳನ್ನಿಟ್ಟುಕೊಂಡು ಮಾಡಿದ ಒಂದು ಹೋಲಿಕೆ

ನಮ್ಮ ಕೋಲಾರದ ಕಡೆ ಸ್ಯಾಕ್ಸೊಫೋನ್ ಎಂದರೆ ಮದುವೆ ಛತ್ರದ ವಾದ್ಯ. ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದ ಮೇಲೆ, ನಾದಸ್ವರ ಕೂರುತ್ತಿದ್ದ ಜಾಗದಲ್ಲಿ ಎಷ್ಟೋ ಮುಹೂರ್ತಗಳಿಗೆ ಸ್ಯಾಕ್ಸೊಫೋನೇ ಬಂದು ಕೂತಿತು. ಹಾಗಾಗಿ 1993ರಲ್ಲಿ, ಬೆಂಗಳೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಕೆ.ಜಿ.ಎಫ್.ನಿಂದ ಬಂದಿದ್ದ ಹಿರಿಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ ‘ವೈನ್‌ಲೈಟ್’ ಕ್ಯಾಸೆಟ್ ಕೇಳಿದ ನನಗೆ ಮೊದಲು ಹೊಳೆದದ್ದು ಇಷ್ಟೇ: ವಾದ್ಯ ಅದೇ, ಆದರೆ ಇಲ್ಲಿ ಯಾವ ಮುಹೂರ್ತವೂ ಮೀರಿಹೋಗುತ್ತಿಲ್ಲ.

ಅಂದು ಹತ್ತಿದ ಸ್ಮೂತ್ ಜಾಝ್ ಎಂಬ ಈ ಮೆಲುದನಿಯ ಜಾಝ್ ಸಂಗೀತದ ರುಚಿ ಮೂವತ್ತು ವರ್ಷ ಕಳೆದರೂ ಬಿಟ್ಟಿಲ್ಲ. ನಿವೃತ್ತನಾಗಿ ಊರಿನ ಮನೆಗೆ ಮರಳಿದ ಮೇಲೆ ಕೇಳಲು ಪುರಸೊತ್ತು ಸಿಕ್ಕಿತಾದರೂ, ಹಿಂದೆ ಕೇಳಿದ ಸಂಗೀತ ಹಿಂದಿನಂತೆಯೇ ಸಿಗುತ್ತಿರಲಿಲ್ಲ. ಒಂದು ಕಡೆ ಒಂಬತ್ತು ನಿಮಿಷದ ಕೃತಿ ಮೂರೂವರೆ ನಿಮಿಷಕ್ಕೆ ಮುಗಿಯುತ್ತಿತ್ತು. ಇನ್ನೊಂದು ಕಡೆ ಹೆಸರು ಅದೇ ಇದ್ದು ನುಡಿಸಿದವರು ಬೇರೆ ಯಾರೋ ಆಗಿರುತ್ತಿದ್ದರು. ಆದ್ದರಿಂದ ಕಳೆದ ನವೆಂಬರಿನಿಂದ ಜನವರಿಯವರೆಗೆ, ರಾತ್ರಿ ಊಟಕ್ಕೆ ಮುಂಚಿನ ಒಂದೂವರೆ ಗಂಟೆಯನ್ನು ಇದಕ್ಕೆಂದೇ ತೆಗೆದಿಟ್ಟು, ಕೇಳುವ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸಿದೆ. ಆಂಪ್ಲಿಫೈಯರ್ ಮತ್ತು ಸ್ಪೀಕರ್ ಜೋಡಿ ಎಲ್ಲಕ್ಕೂ ಒಂದೇ. ಬದಲಾದದ್ದು ಸಂಗೀತ ಬರುವ ಮೂಲ ಮಾತ್ರ.

ಹಳೆಯದು ಎಂದು ನಾನು ಕರೆಯುವುದು ಸರಿಸುಮಾರು ಪಿಯಾನೊ ವಾದಕ ಬಾಬ್ ಜೇಮ್ಸ್ ಅವರ 1974ರ ‘ಒನ್’ನಿಂದ ಸ್ಯಾಕ್ಸೊಫೋನ್ ವಾದಕ ಕೆನ್ನಿ ಜಿ ಅವರ 1992ರ ‘ಬ್ರೆತ್‌ಲೆಸ್’ವರೆಗಿನ ಧ್ವನಿಮುದ್ರಣಗಳನ್ನು. ಅದರೊಳಗಿಂದ ಏಳು ಕೃತಿಗಳನ್ನು ಒರೆಗಲ್ಲಾಗಿ ಆರಿಸಿಕೊಂಡೆ: ವಾಷಿಂಗ್ಟನ್ ಅವರ ‘ಮಿಸ್ಟರ್ ಮ್ಯಾಜಿಕ್’ (1975), ಜಾರ್ಜ್ ಬೆನ್ಸನ್ ಅವರ ‘ಬ್ರೀಝಿನ್’ (1976), ಚಕ್ ಮ್ಯಾಂಜೋನಿ ಅವರ ‘ಫೀಲ್ಸ್ ಸೋ ಗುಡ್’ (1977), ಬಾಬ್ ಜೇಮ್ಸ್ ಅವರ ‘ಏಂಜೆಲಾ’ (1978), ಸ್ಪೈರೊ ಜೈರಾ ತಂಡದ ‘ಮಾರ್ನಿಂಗ್ ಡಾನ್ಸ್’ (1979), ವಾಷಿಂಗ್ಟನ್ ಅವರ ಜೊತೆ ಬಿಲ್ ವಿದರ್ಸ್ ಹಾಡಿರುವ ‘ಜಸ್ಟ್ ದ ಟೂ ಆಫ್ ಅಸ್’ (1980), ಕೆನ್ನಿ ಜಿ ಅವರ ‘ಸಾಂಗ್‌ಬರ್ಡ್’ (1986). ಕೊನೆಯದನ್ನು ಸೇರಿಸಿದ್ದಕ್ಕೆ ಜಾಝ್ ಬಲ್ಲವರು ಮೂಗು ಮುರಿಯಬಹುದು. ಆದರೆ ಉದ್ದನೆಯ, ಅಲುಗದ ಸ್ವರಗಳಿಂದ ಉಪಕರಣದ ದೋಷವನ್ನು ಹಿಡಿದುಕೊಡುವುದರಲ್ಲಿ ಅದಕ್ಕೆ ಸಮನಾದದ್ದು ನನ್ನ ಬಳಿ ಇನ್ನೊಂದಿಲ್ಲ.

ಹೋಲಿಕೆಗೆ ಒಂದು ಅಳತೆಗೋಲು ಬೇಕಲ್ಲ. ನನ್ನದು ಈಗ ಬದುಕಿಲ್ಲದ ಒಂದು ರೇಡಿಯೊ, ವರ್ಲ್ಡ್‌ಸ್ಪೇಸ್. ಈ ಸಂಗೀತದಲ್ಲಿ ಬಹುಪಾಲು ಹುಟ್ಟುವಾಗ ಅದಕ್ಕೆ ಸ್ಮೂತ್ ಜಾಝ್ ಎಂಬ ಹೆಸರೇ ಇರಲಿಲ್ಲ. ಅದು ಎಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ಎಫ್.ಎಂ. ಕೇಂದ್ರಗಳು ಚಲಾವಣೆಗೆ ತಂದ ಹೆಸರು. 1987ರ ಫೆಬ್ರವರಿ 14ರಂದು ಲಾಸ್ ಏಂಜಲೀಸಿನ ಒಂದು ರಾಕ್ ಕೇಂದ್ರ ‘ದ ವೇವ್’ ಎಂದು ಹೆಸರು ಬದಲಿಸಿಕೊಂಡು ಈ ದಾರಿ ಹಿಡಿಯಿತು; ಅನೇಕ ನಗರಗಳು ಹಿಂಬಾಲಿಸಿದವು. ನ್ಯೂಯಾರ್ಕಿನ ಕೇಂದ್ರ 2008ರಲ್ಲಿ, ಶಿಕಾಗೊದ ಕೇಂದ್ರ 2009ರಲ್ಲಿ ಈ ಸಂಗೀತವನ್ನು ಕೈಬಿಟ್ಟವು. ಕೇಳುಗರು ದಿನಚರಿಯಲ್ಲಿ ಬರೆದು ಕೊಡುವ ಲೆಕ್ಕದ ಬದಲು ಅವರ ಜೇಬಿನಲ್ಲಿರುವ ಎಲೆಕ್ಟ್ರಾನಿಕ್ ಸಾಧನವೇ ಲೆಕ್ಕ ಹಿಡಿಯುವ ಪದ್ಧತಿ ಬಂದದ್ದೂ ಅದಕ್ಕೊಂದು ಕಾರಣವೆಂದು ಹೇಳುತ್ತಾರೆ.

ಆ ಕೇಂದ್ರಗಳು ಕೋಲಾರಕ್ಕೆ ಹೇಗೆ ಕೇಳಿಸಬೇಕು? ನಮಗೆ ಬಂದದ್ದು ವರ್ಲ್ಡ್‌ಸ್ಪೇಸ್ ಉಪಗ್ರಹ ರೇಡಿಯೊ. ಕನ್ನಡಕ್ಕೆ ‘ಸ್ಪರ್ಶ’ ಇದ್ದಂತೆ ಜಾಝ್‌ಗೆ ಅದರಲ್ಲಿ ‘ರಿಫ್’ ಎಂಬ ವಾಹಿನಿ ಇತ್ತು. ಅದನ್ನು ಬಿತ್ತರಿಸುತ್ತಿದ್ದ ಏಷ್ಯಾಸ್ಟಾರ್ ಉಪಗ್ರಹವಿದ್ದದ್ದು 105 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನಮ್ಮ ಅಂತರಗಂಗೆ ಬೆಟ್ಟವಿರುವುದು ಊರಿನ ಪಶ್ಚಿಮಕ್ಕೆ. ಆದ್ದರಿಂದ ತಾರಸಿಯ ಮೇಲೆ ಪೂರ್ವಕ್ಕೆ ತಿರುಗಿಸಿಟ್ಟ ಪುಟ್ಟ ಆಂಟೆನಾಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಯಾರೋ ಕಿವಿಯುಳ್ಳವರು ಒಂದರ ಹಿಂದೆ ಒಂದು ಜೋಡಿಸಿದ ಸಂಗೀತ, ನಡುವೆ ಜಾಹೀರಾತಿನ ಗದ್ದಲವಿಲ್ಲದೆ ಬರುತ್ತಿತ್ತು. ಮಾತೃಸಂಸ್ಥೆ 2008ರಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ ಕೊನೆಗೆ ಭಾರತದ ಸೇವೆ ನಿಂತಿತು. ಆಂಟೆನಾ ಇನ್ನೂ ತಾರಸಿಯಲ್ಲೇ ಇದೆ. ಅದರ ಮೇಲೆ ಸೊಸೆ ಸಂಡಿಗೆ ಕಾಯುವ ಕೊಡೆಯನ್ನು ಕಟ್ಟುತ್ತಾಳೆ.

ಕ್ಯಾಸೆಟ್‌ನಿಂದ ಆರಂಭಿಸುತ್ತೇನೆ. ಸಹೋದ್ಯೋಗಿ ನನಗೇ ಕೊಟ್ಟುಬಿಟ್ಟಿದ್ದ ‘ವೈನ್‌ಲೈಟ್’ ಹಾಕಿದಾಗ ಮೊದಲ ದಿನ ಸ್ವರಗಳು ಕುಡಿದವನಂತೆ ತೂಗಾಡಿದವು. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಟೇಪು ಸರಿಯಬೇಕಾದ ಯಂತ್ರದ ರಬ್ಬರ್ ಬೆಲ್ಟ್ ಸಡಿಲವಾಗಿತ್ತು. ಡೂಂ ಲೈಟ್ ವೃತ್ತದ ಬಳಿಯ ರಿಪೇರಿಯವರು, ‘ಇನ್ನೂ ಇದನ್ನು ಇಟ್ಟುಕೊಂಡಿದ್ದೀರಾ ಸಾರ್’ ಎನ್ನುತ್ತಲೇ ಹೊಸ ಬೆಲ್ಟ್ ಹಾಕಿಕೊಟ್ಟರು. ಆದರೂ ತಂಬೂರಿಗೆ ಕಿವಿಗೊಟ್ಟು ಬೆಳೆದವರಿಗೆ ‘ಸಾಂಗ್‌ಬರ್ಡ್’ ಕ್ಯಾಸೆಟ್ಟಿನ ಸೊಪ್ರಾನೊ ಸ್ಯಾಕ್ಸೊಫೋನ್ ಸ್ವರ ಕೂದಲೆಳೆಯಷ್ಟು ಶ್ರುತಿ ಬಿಡುವುದು ತಿಳಿದೇ ತಿಳಿಯುತ್ತದೆ, ಟೇಪಿನ ಸುಯ್‌ಗುಟ್ಟುವಿಕೆ ಬೇರೆ. ಕ್ಯಾಸೆಟ್ಟಿನ ಪರವಾಗಿ ಹೇಳಬೇಕಾದದ್ದು ಒಂದಿದೆ: ಅದರಲ್ಲಿ ಹಾರಿಸಿ ಮುಂದೆ ಹೋಗುವುದು ತೊಡಕಿನ ಕೆಲಸವಾದ್ದರಿಂದ, ಕಲಾವಿದರು ಜೋಡಿಸಿದ ಕ್ರಮದಲ್ಲೇ ಇಡೀ ಒಂದು ಬದಿಯನ್ನು ಕೇಳುತ್ತೇವೆ. ವಾರದಲ್ಲಿ ಒಂದು ದಿನಕ್ಕೆ ಸರಿ, ನಿತ್ಯದ ಬಳಕೆಗಲ್ಲ.

ಸಿ.ಡಿ. ಈ ಹೋಲಿಕೆಯ ಪಟ್ಟದ ಆನೆ. ಏಳರಲ್ಲಿ ಐದು ಕೃತಿಗಳ ಮೂಲ ಆಲ್ಬಂಗಳು ನನ್ನಲ್ಲಿದ್ದವು, ಉಳಿದೆರಡನ್ನು ಬೆಂಗಳೂರಿನಿಂದ ಹಳೆಯ ಮಾಲಾಗಿ ತರಿಸಿದೆ. ‘ಮಿಸ್ಟರ್ ಮ್ಯಾಜಿಕ್’ ಆಲ್ಬಮ್ಮಿನಲ್ಲಿ ಇರುವುದೇ ನಾಲ್ಕು ಕೃತಿ. ಶೀರ್ಷಿಕೆಯ ಕೃತಿಯೇ ಒಂಬತ್ತು ನಿಮಿಷ. ಅಷ್ಟು ಹೊತ್ತು ಬೇಸ್ ಗಿಟಾರು ಒಂದೇ ಜಾಡಿನಲ್ಲಿ ನಡೆಯುತ್ತಿದ್ದರೂ ಬೇಸರವಾಗದಿರುವುದಕ್ಕೆ ಕಾರಣ ಅದರ ಸುತ್ತ ಮೆಲ್ಲಗೆ ಬದಲಾಗುವ ಗಿಟಾರ್ ಮತ್ತು ತಾಳವಾದ್ಯಗಳ ಕುಸುರಿ. ಅದು ಸ್ಪಷ್ಟವಾಗಿ ಬಿಡಿಬಿಡಿಯಾಗಿ ಕೇಳಿದ್ದು ಸಿ.ಡಿ.ಯಲ್ಲಿ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಜನಪ್ರಿಯ ಕೃತಿಗಳ ಸಂಕಲನವೆಂದು ಮಾರುವ ಸಿ.ಡಿ.ಗಳನ್ನು ಸಮಯ ನೋಡದೆ ಕೊಳ್ಳಬಾರದು. ನಾನು ಕೊಂಡ ಒಂದು ಸಂಕಲನದಲ್ಲಿ ‘ಫೀಲ್ಸ್ ಸೋ ಗುಡ್’ ಮೂರೂವರೆ ನಿಮಿಷಕ್ಕೆ ಮುಗಿಯಿತು. ಅದು ರೇಡಿಯೊಗಾಗಿ ಕತ್ತರಿಸಿದ ರೂಪ. ಆಲ್ಬಮ್ಮಿನ ಮೂಲ ರೂಪ ಒಂಬತ್ತು ನಿಮಿಷಕ್ಕೂ ಹೆಚ್ಚು. ಮೊದಲು ಟ್ರಂಪೆಟ್ ಜಾತಿಯ ಫ್ಲೂಗಲ್‌ಹಾರ್ನ್ ಗಿಟಾರಿನೊಂದಿಗೆ ನಿಧಾನವಾಗಿ, ಆಲಾಪನೆಯಂತೆ ರಾಗವನ್ನು ತೋರಿಸಿ, ಆಮೇಲೆ ಡ್ರಮ್ ಸೇರಿ ಪಲ್ಲವಿ ಎತ್ತಿಕೊಂಡಂತಾಗುವ ಆ ಕ್ಷಣವೇ ಕತ್ತರಿಸಿದ ರೂಪದಲ್ಲಿ ಕಳೆದುಹೋಗುತ್ತದೆ. ಆಲಾಪನೆಯಿಲ್ಲದ ಕಚೇರಿಗೆ ಕರೆದರೆ ನಾವು ಹೋಗುತ್ತೇವೆಯೇ?

ಎಲ್‌ಪಿ ತಟ್ಟೆಗಳ ವಿಷಯದಲ್ಲಿ ಹೆಚ್ಚು ಹೇಳಲಾರೆ. ಗೆಳೆಯರೊಬ್ಬರ ಮನೆಯಲ್ಲಿ ಎರಡು ಸಂಜೆ ಕೇಳಿದೆ, ಚೆನ್ನಾಗಿತ್ತು, ಬೆಲೆ ಕೇಳಿ ಸುಮ್ಮನಾದೆ. ನಮ್ಮ ಬೇಸಿಗೆಯ ಧೂಳಿಗೂ ಅದಕ್ಕೂ ಕೂಡಿಬರುವುದಿಲ್ಲ.

ಸ್ಟ್ರೀಮಿಂಗ್ ಆ್ಯಪ್‌ಗಳನ್ನು ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಮೆಚ್ಚಿದೆ, ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಬೈದುಕೊಂಡೆ. ತಿಂಗಳಿಗೆ ಎರಡು ಮಸಾಲೆ ದೋಸೆಯಷ್ಟು ಹಣಕ್ಕೆ ಏಳೂ ಕೃತಿಗಳ ಮೂಲ ಆಲ್ಬಂ ರೂಪ ಸಿಕ್ಕಿತು. ಧ್ವನಿಯ ಗುಣಮಟ್ಟದಲ್ಲಂತೂ ನನ್ನ ಜಂಬ ಇಳಿಯಿತು. ಯಾವುದು ನುಡಿಯುತ್ತಿದೆ ಎಂದು ನನಗೆ ಹೇಳದೆ, ಸಿ.ಡಿ. ಮತ್ತು 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೊಬಿಟ್) ಸ್ಟ್ರೀಮ್‌ಗಳನ್ನು ಬದಲಿಸುತ್ತಾ ಹೋಗಲು ಸೊಸೆಗೆ ಹೇಳಿದ್ದೆ. ಹತ್ತು ಬಾರಿಯಲ್ಲಿ ಐದು ಬಾರಿ ಸರಿಯಾಗಿ ಗುರುತಿಸಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ‘ಮಾವ, ನಿಮ್ಮ ಸಿ.ಡಿ.ಗಳನ್ನು ಅಟ್ಟಕ್ಕೆ ಹಾಕಬಹುದಲ್ಲವೇ?’ ಎಂದಳು. ಆಗುವುದಿಲ್ಲ ಎಂದೆ, ಕಾರಣ ಮಾತ್ರ ತಕ್ಷಣ ಹೊಳೆಯಲಿಲ್ಲ.

ಕಾರಣ ಆಲ್ಬಂ ಮುಗಿದ ಮೇಲೆ ತಿಳಿಯಿತು. ‘ವೈನ್‌ಲೈಟ್’ನ ಕೊನೆಯ ಕೃತಿ ಮುಗಿದೊಡನೆ ಆ್ಯಪ್ ತಾನಾಗಿಯೇ ಮುಂದುವರಿದು ಎರಡು ಹಳೆಯ ಕೃತಿಗಳನ್ನು ಕೊಟ್ಟಿತು, ಮೂರನೆಯದು ಯಾರೋ ಇತ್ತೀಚೆಗೆ ಮರುಮುದ್ರಿಸಿದ ನಕಲು, ನಾಲ್ಕನೆಯದರಿಂದ ಕಾಫಿ ಅಂಗಡಿಯ ಹಿನ್ನೆಲೆಗೆಂದೇ ತಯಾರಿಸಿದ, ಯಾರು ನುಡಿಸಿದ್ದೆಂದು ಗೊತ್ತಾಗದ ಸಂಗೀತ ಶುರುವಾಯಿತು. ಒಂಬತ್ತು ಸಂಜೆ ಹೀಗೆಯೇ ಬಿಟ್ಟು ನೋಡಿದೆ. ಒಂದು ಗಂಟೆಯೊಳಗೆ ಏಳು ಬಾರಿ ಅಲ್ಲಿಗೇ ಹೋಗಿ ತಲುಪಿತು. ಕೇಳಿದ್ದನ್ನು ಕೊಡುವುದರಲ್ಲಿ ಆ್ಯಪ್ ಜಾಣ, ಕೇಳದ್ದನ್ನು ಬಡಿಸುವಾಗ ಅದಕ್ಕೆ ಎಲೆಯ ಮೇಲೆ ಏನಿದೆ ಎಂಬ ಗಮನವೇ ಇರುವುದಿಲ್ಲ.

ವಿಡಿಯೊ ತಾಣಗಳಲ್ಲಿ ಇದಕ್ಕೆ ತದ್ವಿರುದ್ಧ. ಧ್ವನಿ ಬಹಳ ಸಲ ಕಳಪೆ, ‘ಏಂಜೆಲಾ’ದ ಪಿಯಾನೊ ನಡುವೆ ಸಿಮೆಂಟಿನ ಜಾಹೀರಾತು ಬರುವುದೂ ಉಂಟು. ಆದರೆ ಬೇರೆಲ್ಲೂ ಇಲ್ಲದ ಒಂದು ಸಂಪತ್ತು ಅಲ್ಲಿದೆ: ಎಂಬತ್ತು-ತೊಂಬತ್ತರ ದಶಕಗಳಲ್ಲಿ ಅಮೆರಿಕದ ಕೇಳುಗರು ಮನೆಯ ಟೇಪಿಗೆ ಹಿಡಿದಿಟ್ಟ ಪ್ರಸಾರಗಳು. ನಿರೂಪಕರ ಮಾತು, ಹವಾಮಾನ, ರಸ್ತೆಯ ಸಂಚಾರ ವರದಿ ಎಲ್ಲವೂ ಅದರಲ್ಲಿವೆ. ಲಾಸ್ ಏಂಜಲೀಸಿನ ಹೆದ್ದಾರಿಯಲ್ಲಿ ಮೂವತ್ತು ವರ್ಷದ ಹಿಂದೆ ವಾಹನಗಳು ಸಾಲುಗಟ್ಟಿದ್ದನ್ನು ಕೋಲಾರದಲ್ಲಿ ಕೂತು ಕೇಳುವುದರಲ್ಲಿ ಏನು ಸುಖವೆಂದು ಮನೆಯವರು ಕೇಳುತ್ತಾರೆ. ಒಂದು ಕೃತಿಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತಿದ್ದರು ಎಂಬುದು ಅದರಲ್ಲಿ ಉಳಿದಿದೆ ಎನ್ನುವುದು ನನ್ನ ಉತ್ತರ.

ಇನ್ನುಳಿದದ್ದು ಅಂತರಜಾಲ ರೇಡಿಯೊ. ಇದರಲ್ಲಿ ಎರಡು ಬಗೆಯನ್ನು ಹೋಲಿಸಿದೆ. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ‘ರೇಡಿಯೊ ಸ್ವಿಸ್ ಜಾಝ್’ನಲ್ಲಿ ಜಾಹೀರಾತಿಲ್ಲ, ಹರಟೆಯಿಲ್ಲ, ಹಳೆಯ ಸ್ವಿಂಗ್, ಬ್ಲೂಸ್, ಸೋಲ್‌ಗಳ ನಡುವೆ ಬೆನ್ಸನ್, ವಾಷಿಂಗ್ಟನ್ ಅಂಥವರು ಬಂಧುಗಳಂತೆ ಬಂದು ಹೋಗುತ್ತಾರೆ. ಸ್ಮೂತ್ ಜಾಝ್ ಮಾತ್ರವೇ ಬೇಕೆನ್ನುವವರಿಗೆ ಇದು ಸಾಲದು, ನನಗೆ ಸಾಕು. ಎರಡನೆಯ ಬಗೆ, ಸ್ಮೂತ್ ಜಾಝ್ ಎಂದೇ ಫಲಕ ಹಾಕಿಕೊಂಡ ಕೇಂದ್ರಗಳು. ಇವುಗಳಲ್ಲಿ ಅನೇಕ ಹೊಸ ಬಿಡುಗಡೆಗಳತ್ತ ವಾಲುತ್ತವೆ; ಹಳೆಯದು ಬೇಕಾದವರು ಎಪ್ಪತ್ತು-ಎಂಬತ್ತರ ದಶಕಗಳಿಗೆ ಮೀಸಲಾದ ವಾಹಿನಿಯನ್ನು ಹುಡುಕಿ ಹಿಡಿಯಬೇಕು. ಕ್ಯಾಲಿಫೋರ್ನಿಯಾದ ಸಮಯಕ್ಕೂ ನಮ್ಮ ಸಮಯಕ್ಕೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರ. ಅವರು ರಾತ್ರಿ ಹತ್ತಕ್ಕೆ ದೀಪ ಸಣ್ಣಗೆ ಮಾಡಿ ಕೇಳಿರೆಂದು ಹಾಕುವ ಮಂದ್ರದ ಕೃತಿಗಳು ನಮಗೆ ಮರುದಿನ ಹನ್ನೊಂದೂವರೆಗೆ, ಟೊಮೆಟೊ ಲಾರಿಗಳ ಹಾರ್ನಿನ ನಡುವೆ ಬಂದು ಮುಟ್ಟುತ್ತವೆ.

ಸ್ಟ್ರೀಮಿನ ಗುಣಮಟ್ಟವನ್ನು ಆರಿಸಿಕೊಳ್ಳುವ ಮುನ್ನ ಒಮ್ಮೆ ಲೆಕ್ಕ ಹಾಕಬೇಕು. 64 ಕೆಬಿಪಿಎಸ್ ಆದರೆ ಗಂಟೆಗೆ ಸುಮಾರು 29 ಎಂಬಿ, 128 ಆದರೆ 58, ಆ್ಯಪ್‌ನ 320ಕ್ಕೆ 144 ಎಂಬಿ ಡೇಟಾ ಖರ್ಚಾಗುತ್ತದೆ. ಕಡಿಮೆಯದರಲ್ಲಿ ಮೇಲಿನ ಸ್ವರಗಳನ್ನು ಪೂರ್ತಿಯಾಗಿ ಕಳಿಸದೆ ಈ ತುದಿಯಲ್ಲಿ ಅಂದಾಜಿನ ಮೇಲೆ ಕಟ್ಟಿಕೊಡುವ ತಂತ್ರವಿರುವುದರಿಂದ, ‘ಮಾರ್ನಿಂಗ್ ಡಾನ್ಸ್’ನ ಸಿಂಬಲ್ ಲೋಹದಂತೆ ಕೇಳದೆ ಮೊರದಲ್ಲಿ ರಾಗಿ ಕೇರಿದಂತೆ ಕೇಳಿತು. ಸೊಸೆಯ ಪರೀಕ್ಷೆಯಲ್ಲಿ ಇದನ್ನು ಹತ್ತಕ್ಕೆ ಒಂಬತ್ತು ಬಾರಿ ಹಿಡಿದೆ. 128ಕ್ಕೆ ಏರಿಸಿದರೆ ದೂರು ಬಹುಮಟ್ಟಿಗೆ ನಿಲ್ಲುತ್ತದೆ.

ಒಟ್ಟಿನಲ್ಲಿ ವರ್ಲ್ಡ್‌ಸ್ಪೇಸಿನ ಪಕ್ಕದಲ್ಲಿಟ್ಟು ನೋಡಿದಾಗ, ಧ್ವನಿಯಲ್ಲಿ ಸಿ.ಡಿ.ಯೂ ಆ್ಯಪೂ ಅದನ್ನು ಸುಲಭವಾಗಿ ಮೀರಿಸಿದವು. ಜೋಡಣೆಯಲ್ಲಿ ಅದಕ್ಕೆ ಹತ್ತಿರ ಬಂದದ್ದು ಮನುಷ್ಯರು ಆರಿಸಿ ಹಾಕುವ ಅಂತರಜಾಲ ಕೇಂದ್ರಗಳು ಮಾತ್ರ. ನಾನು ಕಳೆದುಕೊಂಡದ್ದು ಕೃತಿಗಳನ್ನಲ್ಲ, ಅವುಗಳ ಸರದಿಯನ್ನು ಎಂಬುದು ಹೀಗೆ ಖಚಿತವಾಯಿತು. ಆದ್ದರಿಂದ ಈಗ ಗೊತ್ತಿರುವ ಆಲ್ಬಮ್ಮಿಗೆ ಸಿ.ಡಿ., ಗೊತ್ತಿಲ್ಲದ್ದಕ್ಕೆ ರೇಡಿಯೊ, ರೇಡಿಯೊದಲ್ಲಿ ಕೇಳಿದ್ದನ್ನು ಹುಡುಕಿ ಪೂರ್ತಿ ಕೇಳಲು ಆ್ಯಪ್ ಎಂದು ಹಂಚಿಕೊಂಡಿದ್ದೇನೆ. ಆ್ಯಪ್‌ನಲ್ಲಿ ತಾನಾಗಿ ಮುಂದುವರಿಯುವ ಸೌಲಭ್ಯವನ್ನು ಬಂದ್ ಮಾಡಿದ್ದೇನೆ. ಆಲ್ಬಂ ಮುಗಿದರೆ ಮನೆ ನಿಶ್ಶಬ್ದವಾಗುತ್ತದೆ.

ಜನವರಿಯ ಕೊನೆಯ ವಾರ ರೇಡಿಯೊ ಕೇಳುತ್ತಿದ್ದಾಗ ನೈಲಾನ್ ತಂತಿಯ ಗಿಟಾರೊಂದು ಕಿವಿಗೆ ಬಿತ್ತು. ಅರ್ಲ್ ಕ್ಲೂ ಎಂಬ ಹೆಸರನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ ಬರೆದುಕೊಂಡೆ. ಅವರ 1977ರ ‘ಫಿಂಗರ್ ಪೇಂಟಿಂಗ್ಸ್’ ಅನ್ನು ಆ್ಯಪ್‌ನಲ್ಲಿ ಮೂರು ಸಂಜೆ ಕೇಳಿಯಾಯಿತು; ಅದರ ಸಿ.ಡಿ. ಬೆಂಗಳೂರಿನಲ್ಲಿ ಒಬ್ಬರ ಬಳಿ ಇದೆಯಂತೆ, ಶನಿವಾರದ ಬಸ್ಸಿಗೆ ಹೊರಡುತ್ತಿದ್ದೇನೆ.