ಟ್ಯಾಕ್ಸ್ ಆಫೀಸಿನ ಜಿಮೇಲ್‌ಗೆ ಯೂಬಿಕೀ: 2021ರಿಂದ ಬಳಸುತ್ತಿರುವವಳ ಅಭಿಪ್ರಾಯ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಟ್ಯಾಕ್ಸ್ ಕನ್ಸಲ್ಟೆನ್ಸಿ ಇದೆ. ಬಟ್ಟೆ ಅಂಗಡಿಯವರು, ಅಕ್ಕಿ ಗಿರಣಿಯವರು, ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಗಳು ನಮ್ಮ ಗ್ರಾಹಕರು. ಅವರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ನೋಟಿಸು ಎಲ್ಲವೂ ಆಫೀಸಿನ ಜಿಮೇಲ್‌ಗೇ ಬಂದು ಸೇರುತ್ತವೆ. ಆ ಖಾತೆಗೆ 2021ರಲ್ಲಿ ಯೂಬಿಕೀ 5 ಎನ್‌ಎಫ್‌ಸಿ ಎಂಬ, ಒಟಿಪಿ ಬದಲಿಗೆ ಲಾಗಿನ್ ಆಗುವಾಗ ಬಳಸುವ ಸಣ್ಣ ಕೀ ಹಾಕಿಸಿದೆ, ಆಮೇಲೆ ಆಫೀಸಿನ ಹುಡುಗ ಹುಡುಗಿಯರ ಕೆಲಸದ ಖಾತೆಗಳಿಗೂ ಹಾಕಿಸಿದೆ. ಅಂದಿನಿಂದ ಇಂದಿನವರೆಗೆ ಬಳಸಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕೊಳ್ಳಿ. ಒಂದು ಸಾಲದು, ಎರಡು ಕೊಳ್ಳಿ. ಕೀ ಸೇರಿಸಿದ ದಿನವೇ ಖಾತೆಯಿಂದ ಎಸ್‌ಎಂಎಸ್ ಒಟಿಪಿ ತೆಗೆದುಹಾಕಿ. ಈ ಕೊನೆಯ ಕೆಲಸ ಮಾಡದಿದ್ದರೆ ಕೊಟ್ಟ ದುಡ್ಡೆಲ್ಲ ದಂಡ. ಏಕೆಂದು ಮುಂದೆ ಹೇಳುತ್ತೇನೆ.

ನೋಡಲು ಇದು ತೆಳ್ಳನೆಯ ಕಪ್ಪು ಪೆನ್‌ಡ್ರೈವ್‌ನಂತಿದೆ. ತೂಕ ಮೂರು ಗ್ರಾಂ. ಬ್ಯಾಟರಿ ಇಲ್ಲ, ಪರದೆ ಇಲ್ಲ, ನೀರಿಗೆ ಬಿದ್ದರೂ ಕೆಡುವುದಿಲ್ಲ. ನಡುವೆ ಚಿನ್ನದ ಬಣ್ಣದ ಒಂದು ಬಿಲ್ಲೆ ಇದೆ. ಕಂಪ್ಯೂಟರಿಗೆ ಚುಚ್ಚಿ ಆ ಬಿಲ್ಲೆ ಮುಟ್ಟಬೇಕು. ಮೊಬೈಲ್ ಆದರೆ ಅದರ ಬೆನ್ನಿಗೆ ತಾಗಿಸಿ ಹಿಡಿಯಬೇಕು. ಅಷ್ಟೇ ಕೆಲಸ. ನಮ್ಮ ಒಬ್ಬ ಅಡಿಕೆ ವ್ಯಾಪಾರಿ ಇದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದ್ರಾಗೆ ನಮ್ ಫೈಲೆಲ್ಲ ಐತೇನ್ರಿ ಮೇಡಂ?" ಎಂದು ಕೇಳಿದ್ದರು. ಅದರಲ್ಲಿ ಯಾರ ಫೈಲೂ ಇಲ್ಲ, ಯಾರ ಪಾಸ್‌ವರ್ಡೂ ಇಲ್ಲ. ಒಂದು ಗುಪ್ತ ಸಂಖ್ಯೆ ಇದೆ, ಅದು ಆ ಕೀಯ ಚಿಪ್ ಬಿಟ್ಟು ಆಚೆ ಬರುವುದೇ ಇಲ್ಲ.

ನಮ್ಮ ವೃತ್ತಿಯವರಿಗೆ ಇದು ಹೊಸ ವಿಚಾರವೇನಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದ ಮೇಲೆ ನಾವು ಬಳಸುತ್ತಿರುವ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಡೋಂಗಲ್ ಒಳಗಿರುವುದೂ ಇಂಥದೇ ಗುಪ್ತ ಸಂಖ್ಯೆ. ವ್ಯತ್ಯಾಸ ಇರುವುದು ಬಳಕೆಯಲ್ಲಿ. ಡಿಎಸ್‌ಸಿಗೆ ಡ್ರೈವರ್ ಹಾಕಬೇಕು, ಸಹಿ ಹಾಕಿಸುವ ಎಂಸೈನರ್ ಸಾಫ್ಟ್‌ವೇರ್ ಓಡಬೇಕು, ವಿಂಡೋಸ್ ಅಪ್‌ಡೇಟ್ ಆದ ಮರುದಿನ ಅದು ಕೈಕೊಡುತ್ತದೆ, ಅವಧಿ ಮುಗಿದರೆ ಮತ್ತೆ ದುಡ್ಡು ಕಟ್ಟಬೇಕು. ಯೂಬಿಕೀಗೆ ಇದಾವುದೂ ಬೇಡ, ಬ್ರೌಸರ್ ತಾನೇ ಗುರುತಿಸುತ್ತದೆ. ಇಲ್ಲೇ ಇನ್ನೊಂದು ಮಾತು ಹೇಳಬೇಕು. ಗ್ರಾಹಕರ ಡಿಎಸ್‌ಸಿಗಳನ್ನೆಲ್ಲ ಕನ್ಸಲ್ಟೆಂಟ್ ತನ್ನ ಡ್ರಾಯರ್‌ನಲ್ಲಿ, ಪಾಸ್‌ವರ್ಡ್ ಚೀಟಿ ಅಂಟಿಸಿ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿದೆ. ಅದು ನಿಲ್ಲಲೇಬೇಕು. ಇಮೇಲ್ ಕೀ ವಿಷಯದಲ್ಲಿ ಆ ಚಾಳಿ ಶುರುವಾಗದಿರಲಿ.

ಇನ್ನು ಇದರ ನಿಜವಾದ ಬಲ. ಒಟಿಪಿ ಎಂದರೆ ಆರು ಅಂಕಿ. ನೀವು ಅದನ್ನು ಅಸಲಿ ಪುಟದಲ್ಲೂ ಟೈಪ್ ಮಾಡಬಹುದು, ನಕಲಿ ಪುಟದಲ್ಲೂ ಟೈಪ್ ಮಾಡಬಹುದು. ಈಗಿನ ಕಳ್ಳರು ಕಟ್ಟುವ ನಕಲಿ ಪುಟ ಗೂಗಲ್‌ಗೂ ನಿಮಗೂ ನಡುವೆ ಕೂತು, ನೀವು ಕೊಟ್ಟ ಪಾಸ್‌ವರ್ಡ್, ಒಟಿಪಿ ಎರಡನ್ನೂ ಅದೇ ಕ್ಷಣ ಅಸಲಿ ಪುಟಕ್ಕೆ ದಾಟಿಸಿ ಒಳಗೆ ಹೋಗಿಬಿಡುತ್ತದೆ. ಕೀ ಹಾಗಲ್ಲ, ಅದು ತನ್ನ ಗುಪ್ತ ಸಂಖ್ಯೆಯಿಂದ ಲಾಗಿನ್‌ಗೆ ಸಹಿ ಮಾಡುವಾಗ ಬ್ರೌಸರ್ ಆ ಪುಟದ ವಿಳಾಸವನ್ನೂ ಸೇರಿಸಿ ಕೊಡುತ್ತದೆ. ಗೂಗಲ್‌ನ ವಿಳಾಸಕ್ಕೆಂದು ನೋಂದಾಯಿಸಿದ ಕೀ, ಒಂದಕ್ಷರ ಬೇರೆ ಇರುವ ವಿಳಾಸಕ್ಕೆ ಉತ್ತರವನ್ನೇ ಕೊಡುವುದಿಲ್ಲ. ವಿಳಾಸ ಸರಿಯೇ ತಪ್ಪೇ ಎಂದು ಕಣ್ಣಿಟ್ಟು ಓದುವ ಹೊಣೆ ಮನುಷ್ಯರ ಮೇಲಿಂದ ಇಳಿಯುತ್ತದೆ. ಜುಲೈ ಕೊನೆಯ ವಾರ ರಾತ್ರಿ ಹತ್ತಕ್ಕೂ ರಿಟರ್ನ್ ತುಂಬುತ್ತಾ ಕೂತವರ ಕಣ್ಣು ಎಷ್ಟು ನಂಬಿಕೆಗೆ ಅರ್ಹ ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತು.

ಅಂಥದೇ ಒಂದು ಜುಲೈನಲ್ಲಿ ನಮ್ಮ ಆಫೀಸಿನ ಹುಡುಗಿಗೆ ಒಬ್ಬ ಗ್ರಾಹಕರಿಂದ ಮೇಲ್ ಬಂತು, ಬ್ಯಾಲೆನ್ಸ್ ಶೀಟ್ ಕಳಿಸಿದ್ದೇನೆ, ಲಿಂಕ್ ತೆರೆದು ನೋಡಿ ಎಂದು. ವಿಳಾಸ ಅವರದೇ, ಹಿಂದಿನ ಮೇಲ್‌ಗಳ ಸರಣಿಯೂ ಕೆಳಗೇ ಇತ್ತು. ಆ ಗ್ರಾಹಕರ ಖಾತೆಯೇ ಕಳ್ಳರ ಕೈಸೇರಿತ್ತು. ಲಿಂಕ್ ಒತ್ತಿದರೆ ಗೂಗಲ್ ಲಾಗಿನ್‌ನ ಹಾಗೇ ಕಾಣುವ ಪುಟ. ಪಾಸ್‌ವರ್ಡ್ ಹಾಕಿದಳು. ಮುಂದೆ ಅದು ಮೊಬೈಲ್‌ಗೆ ಬಂದ ಕೋಡ್ ಹಾಕಿ ಎಂದಿತು. ಕೋಡ್ ಬರಲಿಲ್ಲ, ಎಸ್‌ಎಂಎಸ್ ತೆಗೆದುಹಾಕಿದ್ದರಿಂದ ಬರಲು ದಾರಿಯೇ ಇರಲಿಲ್ಲ. "ಮೇಡಂ, ಇದು ಕೀ ಕೇಳ್ತಿಲ್ಲ, ಕೋಡ್ ಕೇಳ್ತೈತೆ" ಎಂದು ನನ್ನನ್ನು ಕರೆದಳು. ಪುಟ ಮುಚ್ಚಿ, ಆಕೆಯ ಪಾಸ್‌ವರ್ಡ್ ಬದಲಿಸಿ, ಗ್ರಾಹಕರಿಗೆ ಫೋನ್ ಮಾಡಿ ತಿಳಿಸಿದೆವು. ನಮ್ಮ ಖಾತೆಗೆ ಯಾರೂ ನುಗ್ಗಲಾಗಲಿಲ್ಲ.

ಆ ಖಾತೆಯಲ್ಲಿ ಕೀ ಜೊತೆಗೆ ಎಸ್‌ಎಂಎಸ್ ಒಟಿಪಿಯನ್ನೂ ಉಳಿಸಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಕಳ್ಳ "ಬೇರೆ ವಿಧಾನ ಬಳಸಿ" ಎಂಬುದನ್ನು ಒತ್ತಿ, ಒಟಿಪಿ ತರಿಸಿ, ಅವಳ ಕೈಯಿಂದಲೇ ಪಡೆದುಕೊಳ್ಳುತ್ತಿದ್ದ. ಮುಂಬಾಗಿಲಿಗೆ ಉಕ್ಕಿನ ಬೀಗ ಹಾಕಿ ಹಿತ್ತಲ ಬಾಗಿಲಿಗೆ ದಾರ ಕಟ್ಟಿದಂತೆ ಅದು. ಕೀ ಕೊಂಡ ಎಷ್ಟೋ ಜನ ಇಲ್ಲೇ ನಿಂತುಬಿಡುತ್ತಾರೆ. ನಾನು ಎಲ್ಲ ಖಾತೆಗಳನ್ನೂ ಗೂಗಲ್‌ನ ಅಡ್ವಾನ್ಸ್ಡ್ ಪ್ರೊಟೆಕ್ಷನ್ ಪ್ರೋಗ್ರಾಂಗೆ ಸೇರಿಸಿದ್ದೇನೆ. 2017ರಲ್ಲಿ ಶುರುವಾದ ಈ ಸೌಲಭ್ಯ ಉಚಿತ. ಅದಕ್ಕೆ ಸೇರಿದರೆ ಎಸ್‌ಎಂಎಸ್ ದಾರಿ ತಾನಾಗಿಯೇ ಮುಚ್ಚುತ್ತದೆ, ಪಾಸ್‌ವರ್ಡ್ ಮರೆತೆ ಎಂದು ನಾಟಕವಾಡಿ ಖಾತೆ ಹೊಡೆಯುವುದೂ ಕಷ್ಟವಾಗುತ್ತದೆ. ನಿಜವಾಗಿ ಎರಡೂ ಕೀ ಕಳೆದುಕೊಂಡವರಿಗೂ ಅಷ್ಟೇ ಕಷ್ಟ, ಖಾತೆ ವಾಪಸ್ ಪಡೆಯಲು ದಿನಗಟ್ಟಲೆ ಕಾಯಬೇಕಾಗುತ್ತದೆ. ಎರಡು ಕೊಳ್ಳಿ ಎಂದದ್ದು ಅದಕ್ಕೇ. ಒಂದೇ ಕೀಯನ್ನು ಹಲವು ಖಾತೆಗಳಿಗೆ ಸೇರಿಸಬಹುದಾದ್ದರಿಂದ ಆಫೀಸಿನವರಿಗೆಲ್ಲ ಸೇರಿ ಒಂದು ಹೆಚ್ಚುವರಿ ಕೀ ಸಾಕು. ನಮ್ಮದು ಆಫೀಸಿನಲ್ಲಿಲ್ಲ, ಮನೆಯ ಬೀರುವಿನಲ್ಲಿದೆ.

ನನ್ನೊಬ್ಬಳ ಅನುಭವ ಸಾಲದು ಎನ್ನುವವರಿಗೆ ದೊಡ್ಡ ಉದಾಹರಣೆಗಳಿವೆ. ಗೂಗಲ್ ತನ್ನ 85,000ಕ್ಕೂ ಹೆಚ್ಚು ನೌಕರರಿಗೆ 2017ರ ಆರಂಭದಿಂದ ಇಂಥ ಕೀಗಳನ್ನು ಕಡ್ಡಾಯ ಮಾಡಿತು. ಆ ಮೇಲೆ ಯಾರೊಬ್ಬರ ಕೆಲಸದ ಖಾತೆಯೂ ಫಿಶಿಂಗ್‌ನಿಂದ, ಅಂದರೆ ಇಂಥ ನಕಲಿ ಪುಟದ ಮೋಸದಿಂದ ಹೋಗಿಲ್ಲ ಎಂದು 2018ರಲ್ಲಿ ಹೇಳಿತು. 2019ರಲ್ಲಿ ಅದು ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಜೊತೆ ನಡೆಸಿದ ಅಧ್ಯಯನದಲ್ಲಿ, ಒಬ್ಬ ವ್ಯಕ್ತಿಯನ್ನೇ ಗುರಿಯಾಗಿಸಿದ ದಾಳಿಗಳಲ್ಲಿ ಎಸ್‌ಎಂಎಸ್ ಕೋಡ್ ತಡೆದದ್ದು ಶೇ. 76, ಸೆಕ್ಯುರಿಟಿ ಕೀ ತಡೆದದ್ದು ಶೇ. 100. 2022ರ ಜುಲೈ-ಆಗಸ್ಟ್‌ನಲ್ಲಿ ಟ್ವಿಲಿಯೋ, ಕ್ಲೌಡ್‌ಫ್ಲೇರ್ ಎರಡೂ ಕಂಪನಿಗಳ ನೌಕರರಿಗೆ ಒಂದೇ ಬಗೆಯ ನಕಲಿ ಸಂದೇಶಗಳು ಹೋದವು. ಎರಡೂ ಕಡೆ ಕೆಲವರು ನಂಬಿ ಪಾಸ್‌ವರ್ಡ್ ಕೊಟ್ಟರು. ಟ್ವಿಲಿಯೋ ಒಳಗೆ ಕಳ್ಳರು ಹೊಕ್ಕರು. ಕ್ಲೌಡ್‌ಫ್ಲೇರ್‌ನಲ್ಲಿ ಎಲ್ಲರ ಬಳಿ ಕೀ ಇತ್ತು, ಹೊಗಲಾಗಲಿಲ್ಲ. ತಂತ್ರಜ್ಞಾನ ಕಂಪನಿಯವರೇ ನಂಬಿದ ಮೇಲೆ ನಮ್ಮ ಹುಡುಗಿಯನ್ನು ಯಾರೂ ದೂರುವಂತಿಲ್ಲ.

ತೊಂದರೆಗಳೂ ಇವೆ. ಮೊದಲನೆಯದು ಬೆಲೆ. ನಾನು ಕೊಂಡಾಗ ಒಂದಕ್ಕೆ ಐದು ಸಾವಿರದ ಆಸುಪಾಸು ಇತ್ತು, ಎರಡೆಂದರೆ ಹತ್ತು. ನಮ್ಮ ಊರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕಾಯಿತು.

ಎರಡನೆಯದು ನಿಜವಾಗಿ ತಲೆನೋವು ತಂದದ್ದು. ಅಡ್ವಾನ್ಸ್ಡ್ ಪ್ರೊಟೆಕ್ಷನ್ ಹಾಕಿದರೆ ಆ್ಯಪ್ ಪಾಸ್‌ವರ್ಡ್, ಅಂದರೆ ಬೇರೆ ಸಾಫ್ಟ್‌ವೇರ್‌ಗಳಿಗೆ ಜಿಮೇಲ್ ಬಳಸಲು ಕೊಡುವ ಪ್ರತ್ಯೇಕ ಪಾಸ್‌ವರ್ಡ್, ನಡೆಯುವುದಿಲ್ಲ. ಟ್ಯಾಲಿಯಿಂದ ನೇರವಾಗಿ ಬಿಲ್ ಮೇಲ್ ಮಾಡುವುದು, ಪ್ರಿಂಟರ್‌ನಲ್ಲಿ ಸ್ಕ್ಯಾನ್ ಮಾಡಿ ಮೇಲ್‌ಗೆ ಕಳಿಸುವುದು ಎಲ್ಲ ನಿಂತುಹೋಯಿತು. ಅದಕ್ಕೆಂದೇ ಬೇರೆ ಒಂದು ಖಾತೆ ತೆರೆದು, ಅದಕ್ಕೆ ಹೊರಗೆ ಕಳಿಸುವ ಕೆಲಸ ಮಾತ್ರ ಕೊಟ್ಟಿದ್ದೇನೆ. ಅದರಲ್ಲಿ ಗ್ರಾಹಕರ ಕಾಗದಪತ್ರ ಉಳಿಯದಂತೆ ಆಗಾಗ ಖಾಲಿ ಮಾಡುತ್ತೇವೆ. ಈ ವ್ಯವಸ್ಥೆ ಕೂಡಿಬರಲು ಸಾಕಷ್ಟು ತಾಳ್ಮೆ ಬೇಕಾಯಿತು. ಆಫೀಸಿಗೆ ಹಾಕಿಸುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಇನ್ನೊಂದು, ಈ ಕೀಯ ಫರ್ಮ್‌ವೇರ್, ಅಂದರೆ ಒಳಗೆ ಕೂಡಿಸಿಟ್ಟ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಲು ಬರುವುದಿಲ್ಲ. ಯಾರೂ ತಿದ್ದಲಾಗಬಾರದು ಎಂಬ ಉದ್ದೇಶದಿಂದ ಹಾಗೆ ಮಾಡಿದ್ದಾರೆ. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ನಿಂಜಾಲ್ಯಾಬ್‌ನವರು ಇದರ ಒಳಗಿನ ಇನ್‌ಫಿನಿಯನ್ ಕಂಪನಿಯ ಚಿಪ್‌ನಲ್ಲಿ ಗುಪ್ತ ಸಂಖ್ಯೆಯ ಲೆಕ್ಕ ಮಾಡುವ ಸಾಫ್ಟ್‌ವೇರ್‌ನಲ್ಲಿ ಒಂದು ದೋಷ ತೋರಿಸಿದರು. 5.7ಕ್ಕಿಂತ ಹಳೆಯ ಫರ್ಮ್‌ವೇರ್ ಇರುವ ಯೂಬಿಕೀ 5ಗಳಿಗೆಲ್ಲ ಅದು ತಗಲುತ್ತದೆ, ನನ್ನವೂ ಅದರಲ್ಲಿ ಸೇರಿವೆ. ನಾನು ಬದಲಿಸಿಲ್ಲ. ಆ ದಾಳಿ ನಡೆಸಲು ಕೀ ಕಳ್ಳನ ಕೈಗೆ ಸಿಗಬೇಕು, ಅದನ್ನು ಬಿಚ್ಚಬೇಕು, ಸಾವಿರಾರು ಯೂರೋ ಬೆಲೆಯ ಉಪಕರಣ ಹಿಡಿದು ಬಲ್ಲವರು ಕೂರಬೇಕು. ನಮ್ಮಂಥ ಆಫೀಸಿಗೆ ಆ ಖರ್ಚು ಮಾಡಿ ಬರುವವರಿಲ್ಲ. ಕೀ ಕಳೆದರೆ ಅದೇ ದಿನ ಖಾತೆಯಿಂದ ಅದರ ಹೆಸರು ತೆಗೆದರಾಯಿತು. ಪತ್ರಕರ್ತರು, ರಾಜಕೀಯದಲ್ಲಿರುವವರು ಹೊಸದನ್ನೇ ಕೊಳ್ಳಲಿ.

ಪಿನ್ ಬಗ್ಗೆಯೂ ಎಚ್ಚರ ಬೇಕು. ಮೊದಲೆಲ್ಲ ಮುಟ್ಟಿದರೆ ಸಾಕಿತ್ತು, ಈಗ ಹೊಸದಾಗಿ ಸೇರಿಸುವಾಗ ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲಿಗೇ ಬಳಸುವ ಗುರುತಿನ, ರೂಪದಲ್ಲಿ ಸೇರುವುದರಿಂದ ಪಿನ್ ಕೇಳುತ್ತದೆ. ಎಂಟು ಸಲ ತಪ್ಪಿದರೆ ಕೀ ಬೀಗ ಹಾಕಿಕೊಳ್ಳುತ್ತದೆ. ರೀಸೆಟ್ ಮಾಡಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ.

ಕೀ ಏನನ್ನು ತಡೆಯುವುದಿಲ್ಲ ಎಂಬುದನ್ನು ತಿಳಿಯದೆ ಕೊಳ್ಳುವುದು ಅಪಾಯ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಮ್ಮೆ ಲಾಗಿನ್ ಆದ ಮೇಲೆ ಬ್ರೌಸರ್ ಒಂದು ಗುರುತನ್ನು ಇಟ್ಟುಕೊಂಡಿರುತ್ತದೆ, ಅದನ್ನೇ ಕದಿಯುವ ವೈರಸ್‌ಗಳಿವೆ. 2023ರ ಮಾರ್ಚ್‌ನಲ್ಲಿ ಲೈನಸ್ ಟೆಕ್ ಟಿಪ್ಸ್ ಎಂಬ ದೊಡ್ಡ ಯೂಟ್ಯೂಬ್ ಚಾನೆಲ್ ಹೋದದ್ದು ಹೀಗೆಯೇ. ಜಾಹೀರಾತಿನ ಪ್ರಸ್ತಾಪ ಎಂದು ಬಂದ ಮೇಲ್‌ನ ಫೈಲನ್ನು ಸಿಬ್ಬಂದಿಯೊಬ್ಬರು ತೆರೆದರು, ಪಾಸ್‌ವರ್ಡನ್ನಾಗಲಿ ಕೋಡನ್ನಾಗಲಿ ಯಾರೂ ಕೇಳಲೇ ಇಲ್ಲ. ಹಾಗಾಗಿ ಗ್ರಾಹಕರು ಜಿಪ್ ಫೈಲ್ ಕಳಿಸಿದರೆ ನಾವು ತೆರೆಯುವ ಮುನ್ನ ಫೋನ್ ಮಾಡಿ ಕೇಳುತ್ತೇವೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಆಫೀಸಿನ ಯಾವ ಕಂಪ್ಯೂಟರಿನಲ್ಲೂ ಇಲ್ಲ.

ಇದಕ್ಕಿಂತ ನನಗೆ ಹೆಚ್ಚು ಭಯ ಇರುವುದು ಬ್ಯಾಂಕ್ ಖಾತೆ ಬದಲಾಯಿತು ಎಂದು ಬರುವ ಮೇಲ್‌ಗಳದು. ಲಿಥುವೇನಿಯಾದ ಎವಾಲ್ಡಸ್ ರಿಮಸೌಸ್ಕಸ್ ಎಂಬಾತ 2013ರಿಂದ 2015ರವರೆಗೆ ತೈವಾನ್‌ನ ಕ್ವಾಂಟಾ ಕಂಪನಿಯ ಹೆಸರಿನಲ್ಲಿ ಸುಳ್ಳು ಬಿಲ್‌ಗಳನ್ನು ಮೇಲ್ ಮಾಡಿ ಗೂಗಲ್, ಫೇಸ್‌ಬುಕ್ ಎರಡರಿಂದಲೂ ಒಟ್ಟು 10 ಕೋಟಿ ಡಾಲರ್‌ಗೂ ಮೀರಿ ಹಣ ಹಾಕಿಸಿಕೊಂಡ. 2019ರಲ್ಲಿ ಅವನಿಗೆ ಐದು ವರ್ಷ ಶಿಕ್ಷೆಯಾಯಿತು. ಅಲ್ಲಿ ಯಾರ ಖಾತೆಗೂ ನುಗ್ಗುವ ಅಗತ್ಯ ಬೀಳಲಿಲ್ಲ, ಬಿಲ್ ನಂಬಿ ಅವರೇ ಹಣ ಕಳಿಸಿದರು. ಖಾತೆ ಸಂಖ್ಯೆ ಬದಲಾಯಿತು ಎಂದು ಮೇಲ್ ಬಂದರೆ, ಆ ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡದೆ ನಿಮ್ಮ ಹಳೆಯ ಪುಸ್ತಕದ ನಂಬರಿಗೇ ಮಾಡಿ ಎಂದು ನಮ್ಮ ಮಂಡಿಯವರಿಗೆಲ್ಲ ಹೇಳಿದ್ದೇನೆ. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುತ್ತದೆ.

ಮೇಲ್ ಒಳಗೆ ಏನಿದೆ ಎಂಬುದೂ ಮುಖ್ಯ. ತೆರಿಗೆ ಇಲಾಖೆಯಿಂದ ಬರುವ ಇಂಟಿಮೇಶನ್ (ರಿಟರ್ನ್ ಪರಿಶೀಲಿಸಿದ ತಿಳಿವಳಿಕೆ ಪತ್ರ), ಎಐಎಸ್ (ವರ್ಷದ ವಹಿವಾಟಿನ ವಿವರ) ಪಿಡಿಎಫ್‌ಗಳ ಪಾಸ್‌ವರ್ಡ್ ಪ್ಯಾನ್ ಮತ್ತು ಹುಟ್ಟಿದ ದಿನಾಂಕ. ಇ-ಆಧಾರ್‌ನದು ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಅದೇ ಇನ್‌ಬಾಕ್ಸ್‌ನಲ್ಲಿ ಪ್ಯಾನ್ ಕಾರ್ಡ್‌ನ ಸ್ಕ್ಯಾನ್ ಬಿದ್ದಿದ್ದರೆ ಆ ಪಾಸ್‌ವರ್ಡ್ ಇದ್ದೂ ಇಲ್ಲದಂತೆ. ರಿಟರ್ನ್ ಮುಗಿದ ಮೇಲೆ ಇಂಥವನ್ನು ಇನ್‌ಬಾಕ್ಸ್, ಸೆಂಟ್ ಎರಡರಿಂದಲೂ ಅಳಿಸಿ ಆಫೀಸಿನ ಹಾರ್ಡ್‌ಡಿಸ್ಕ್‌ಗೆ ಹಾಕುತ್ತೇವೆ. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್ ಎರಡನ್ನೂ ಆಗಾಗ ನೋಡುತ್ತೇನೆ. ಖಾತೆ ಹೊಕ್ಕವರು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಬಂದ ಮೇಲ್‌ಗಳ ಪ್ರತಿ ತಮಗೂ ಬರುವಂತೆ ಸದ್ದಿಲ್ಲದೆ ಬರೆದಿಡುವುದು. ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೇ ಉಳಿಯುತ್ತದೆ.

ಮನೆಯಲ್ಲಿ ಒಬ್ಬರೇ ಬಳಸುವವರು ಇಷ್ಟು ದುಡ್ಡು ಸುರಿಯಬೇಕೆ? ಬೇಡ ಎನ್ನುತ್ತೇನೆ. 2023ರ ಮೇ ತಿಂಗಳಿಂದ ಗೂಗಲ್ ಖಾತೆಗಳಿಗೆ ಪಾಸ್‌ಕೀ ಬಂದಿದೆ. ನಿಮ್ಮ ಮೊಬೈಲ್‌ನ ಬೆರಳಚ್ಚೇ ಕೀಯ ಕೆಲಸ ಮಾಡುತ್ತದೆ, ನಕಲಿ ಪುಟಕ್ಕೆ ಅದೂ ಉತ್ತರ ಕೊಡುವುದಿಲ್ಲ, ಖರ್ಚು ಸೊನ್ನೆ. ನನ್ನ ಅಪ್ಪನ ಮೊಬೈಲಿಗೆ ಅದನ್ನೇ ಹಾಕಿಕೊಟ್ಟಿದ್ದೇನೆ, ಅವರಿಗೆ ಒಟಿಪಿಗಿಂತ ಸಲೀಸಾಗಿದೆ. ಹಲವರ ಕಾಗದಪತ್ರ ಇಟ್ಟುಕೊಂಡಿರುವ ವಕೀಲರು, ಡಾಕ್ಟರುಗಳು, ಸಂಘ ಸೊಸೈಟಿಗಳ ಕಾರ್ಯದರ್ಶಿಗಳು, ನಮ್ಮಂಥ ಲೆಕ್ಕದವರು ಕೀಯನ್ನೇ ತೆಗೆದುಕೊಳ್ಳಲಿ. ಮೊಬೈಲ್ ಬದಲಾಗುತ್ತದೆ, ಒಡೆಯುತ್ತದೆ, ಕೆಲಸ ಬಿಟ್ಟ ಹುಡುಗನ ಜೊತೆ ಹೋಗುತ್ತದೆ. ಕೀ ಆಫೀಸಿನ ಆಸ್ತಿಯಾಗಿಯೇ ಉಳಿಯುತ್ತದೆ.

ಇವತ್ತು ಕೊಳ್ಳುವುದಾದರೆ ನಾನು ಟೈಪ್-ಸಿ ಇರುವುದನ್ನೇ ಕೊಳ್ಳುತ್ತೇನೆ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಅಗಲ ಯುಎಸ್‌ಬಿ ಕಿಂಡಿ ಕಡಿಮೆಯಾಗುತ್ತಿದೆ. ಇಮೇಲ್‌ಗೆ ಮಾತ್ರ ಬೇಕಿದ್ದರೆ ಅದೇ ಯೂಬಿಕೋ ಕಂಪನಿಯ, ಕಡಿಮೆ ಬೆಲೆಯ ಸೆಕ್ಯುರಿಟಿ ಕೀ ಎನ್‌ಎಫ್‌ಸಿ ಸಾಕು, 5ರ ಸರಣಿಯ ಉಳಿದ ಸೌಲಭ್ಯಗಳಲ್ಲಿ ನಮಗೆ ಒಂದೂ ಬಳಕೆಗೆ ಬಂದಿಲ್ಲ. ಯಾರೋ ಬಳಸಿ ಬಿಟ್ಟದ್ದು ಅಗ್ಗಕ್ಕೆ ಸಿಕ್ಕರೂ ತೆಗೆದುಕೊಳ್ಳಬೇಡಿ. ಹೊಸದು ಬಂದಾಗ ಪೊಟ್ಟಣ ಒಡೆದಿಲ್ಲವೇ ಎಂದು ನೋಡಿ, ಕೀ ಅಸಲಿಯೇ ಎಂದು ಯೂಬಿಕೋದ ಪರಿಶೀಲನಾ ಪುಟದಲ್ಲಿ ಚುಚ್ಚಿ ಖಚಿತಪಡಿಸಿಕೊಂಡು, ಎರಡನ್ನೂ ಒಂದೇ ಸಲ ಖಾತೆಗೆ ಸೇರಿಸಿಬಿಡಿ.