ರಾತ್ರಿಯ ಕೆಮ್ಮಿಗೆ ಯಾವುದು ಮೇಲು: ಜೇನು, ಶುಂಠಿ, ಜ್ಯೇಷ್ಠಮಧು, ಆಡುಸೋಗೆಗಳ ಹೋಲಿಕೆ

ನೆಗಡಿ ಇಳಿದ ಮೇಲೆ ಉಳಿಯುವ ಕೆಮ್ಮು ಹಗಲಿನಲ್ಲಿ ಅಷ್ಟಾಗಿ ಕಾಡುವುದಿಲ್ಲ. ದಿಂಬಿಗೆ ತಲೆ ಕೊಟ್ಟ ಹತ್ತು ನಿಮಿಷಕ್ಕೆ ಗಂಟಲಿನ ಬುಡದಲ್ಲಿ ಕೆರೆತ ಶುರುವಾಗಿ, ಎದ್ದು ಕೂತು ಕೆಮ್ಮಿ, ಮತ್ತೆ ಮಲಗಿ, ಮತ್ತೆ ಏಳುವಂತೆ ಮಾಡುವುದೇ ಅದರ ರೀತಿ. ವರ್ಷಕ್ಕೆ ಎರಡು ಮೂರು ಬಾರಿ ನೆಗಡಿ ಹಿಡಿಯುವ ಮೈ ನನ್ನದಾದ್ದರಿಂದ ಮನೆಮದ್ದುಗಳ ಪರಿಚಯ ನನಗೆ ಹೊಸದಲ್ಲ. ಆದರೆ ಪ್ರತಿ ಸಲವೂ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಕುಡಿದು, ಯಾವುದರಿಂದ ಗುಣವಾಯಿತೆಂದು ತಿಳಿಯದೆ ಉಳಿಯುತ್ತಿದ್ದೆ. ಹಾಗಾಗಿ ಕಳೆದ ಮೂರು ವರ್ಷಗಳಲ್ಲಿ ಬಂದ ಎಂಟು ನೆಗಡಿಗಳಲ್ಲಿ ಒಂದು ಬಾರಿಗೆ ಒಂದೇ ಮದ್ದು ಎಂಬ ನಿಯಮ ಹಾಕಿಕೊಂಡು, ನಿದ್ದೆ ಹತ್ತಲು ಎಷ್ಟು ಹೊತ್ತು ಹಿಡಿಯಿತು, ರಾತ್ರಿ ಎಷ್ಟು ಸಲ ಎದ್ದೆ, ಬೆಳಿಗ್ಗೆ ಗಂಟಲು ಹೇಗಿತ್ತು ಎಂಬ ಮೂರು ಸಂಗತಿಗಳನ್ನು ದಿನವೂ ಬರೆದಿಟ್ಟೆ.

ಈ ಹೋಲಿಕೆಗೆ ಒಂದು ಮಿತಿಯಿದೆ, ಅದನ್ನು ಮೊದಲೇ ಹೇಳಬೇಕು. ನೆಗಡಿಯ ಹಿಂದೆ ಬರುವ ಕೆಮ್ಮು ಒಂದು ವಾರದಲ್ಲಿ ಹೋಗಬೇಕೆಂದು ಹೆಚ್ಚಿನವರು ಎಣಿಸುತ್ತಾರೆ, ಆದರೆ ಅದು ನಿಜಕ್ಕೂ ಸರಾಸರಿ 18 ದಿನಗಳಷ್ಟು ಇರುತ್ತದೆ. ಏಳೆಂಟು ದಿನ ಕಾದು ಬೇಸತ್ತವರು ಹತ್ತನೆಯ ದಿನ ಯಾವ ಎಲೆಯ ರಸ ಕುಡಿದರೂ, ತಾನಾಗಿಯೇ ಇಳಿಯುತ್ತಿದ್ದ ಕೆಮ್ಮಿನ ಶ್ರೇಯಸ್ಸು ಆ ರಸಕ್ಕೆ ಸಲ್ಲುತ್ತದೆ. ಈ ಕಾರಣಕ್ಕೆ ನಾನು ಯಾವ ಮದ್ದಿನಿಂದ ಕೆಮ್ಮು ಬೇಗ ವಾಸಿಯಾಯಿತು ಎಂದು ಕೇಳಿಕೊಳ್ಳಲೇ ಇಲ್ಲ; ಮೂರನೆಯ ರಾತ್ರಿಯಿಂದ ಏಳನೆಯ ರಾತ್ರಿಯವರೆಗೆ, ಮದ್ದು ತೆಗೆದುಕೊಂಡ ಆ ರಾತ್ರಿ ಎಷ್ಟು ನೆಮ್ಮದಿ ಸಿಕ್ಕಿತು ಎಂಬುದನ್ನಷ್ಟೇ ಗಮನಿಸಿದೆ.

ಎರಡು ನೆಗಡಿಗಳಲ್ಲಿ ಬಳಸಿದ ಜೇನುತುಪ್ಪ ಎರಡೂ ಬಾರಿ ಉಳಿದೆಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಮಲಗುವ ಅರ್ಧ ಗಂಟೆ ಮುಂಚೆ ಒಂದೂವರೆ ಚಮಚ ಜೇನನ್ನು ನೀರಿಗಾಗಲಿ ಹಾಲಿಗಾಗಲಿ ಬೆರೆಸದೆ, ಸ್ವಲ್ಪ ಸ್ವಲ್ಪವಾಗಿ ನಾಲಿಗೆಯ ಹಿಂಭಾಗಕ್ಕೆ ಬಿಟ್ಟುಕೊಂಡು, ಅದು ನಿಧಾನವಾಗಿ ಇಳಿಯುವವರೆಗೆ ನುಂಗದೆ ಕಾಯುತ್ತಿದ್ದೆ. ಮೊದಲು ಗಂಟಲಿನಲ್ಲಿ ಸಣ್ಣ ಉರಿ ಕಾಣಿಸಿ, ನಿಮಿಷದೊಳಗೆ ಕೆರೆತವಿದ್ದ ಜಾಗಕ್ಕೆ ತೆಳುವಾದ ಬಟ್ಟೆ ಹೊದಿಸಿದಂತಾಗುತ್ತಿತ್ತು. ಆ ಮೇಲೆ ಕಾಲು ಗಂಟೆ ನೀರು ಕುಡಿಯದಿದ್ದರೆ ಅದರ ಗುಣ ಹೆಚ್ಚು ಹೊತ್ತು ಉಳಿಯುವುದನ್ನು ಎರಡನೆಯ ಬಾರಿ ಕಂಡುಕೊಂಡೆ. ಏನೂ ತೆಗೆದುಕೊಳ್ಳದ ರಾತ್ರಿ ನಾಲ್ಕೈದು ಸಲ ಏಳುತ್ತಿದ್ದವನು ಜೇನು ಸೇವಿಸಿದ ರಾತ್ರಿಗಳಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ಎದ್ದಿದ್ದೇನೆ.

ಇದು ನನ್ನೊಬ್ಬನ ಅನುಭವವಷ್ಟೇ ಅಲ್ಲ. 2007ರಲ್ಲಿ ಅಮೆರಿಕದಲ್ಲಿ 105 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಜೇನು, ಜೇನಿನ ರುಚಿ ಬೆರೆಸಿದ ಡೆಕ್ಸ್ಟ್ರೋಮೆಥಾರ್ಫಾನ್ ಎಂಬ ಕೆಮ್ಮಿನ ಔಷಧಿ, ಯಾವ ಚಿಕಿತ್ಸೆಯೂ ಇಲ್ಲದಿರುವುದು, ಈ ಮೂರನ್ನು ಹೋಲಿಸಿದಾಗ, ಹೆತ್ತವರು ಕೊಟ್ಟ ಅಂಕಗಳಲ್ಲಿ ಜೇನು ಮೊದಲು ನಿಂತಿತು. ಔಷಧಿಯಾದರೋ ಏನೂ ಕೊಡದಿರುವುದಕ್ಕಿಂತ ಗಣನೀಯವಾಗಿ ಮೇಲೆಂದು ಕಾಣಲಿಲ್ಲ. 2018ರಲ್ಲಿ ಬ್ರಿಟನ್ನಿನ ಆರೋಗ್ಯ ಸಂಸ್ಥೆಗಳು ಸಾಮಾನ್ಯ ಕೆಮ್ಮಿಗೆ ಆ್ಯಂಟಿಬಯೋಟಿಕ್ ಬರೆಯುವ ಬದಲು ಮೊದಲು ಜೇನಿನಂಥ ಮನೆಮದ್ದನ್ನು ಸೂಚಿಸಬೇಕೆಂದು ಮಾರ್ಗಸೂಚಿ ಹೊರಡಿಸಿದವು. ಸಿಹಿಯಾದ ದ್ರವ ಗಂಟಲಿಗೆ ತಾಗಿದಾಗ ಜೊಲ್ಲು ಊರಿ, ಒಣಗಿದ ಪೊರೆ ತೇವಗೊಂಡು, ಕೆಮ್ಮನ್ನು ಎಬ್ಬಿಸುವ ನರಗಳ ತುದಿಗೆ ಕೆರಳಿಕೆ ತಗ್ಗುತ್ತದೆ ಎಂಬ ವಿವರಣೆ ನನ್ನ ಅನುಭವಕ್ಕೆ ಸರಿಹೊಂದುತ್ತದೆ. ಆದರೂ ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನೆಕ್ಕಿಸಲೂ ಬಾರದು. ಜೇನಿನಲ್ಲಿ ಇರಬಹುದಾದ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲವು, ಅದರಿಂದ ಮಗುವಿನ ಸ್ನಾಯುಗಳು ಸೋತುಹೋಗುತ್ತವೆ. ಮಧುಮೇಹ ಇರುವವರು ಇದನ್ನು ಸಕ್ಕರೆಯೆಂದೇ ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಅದರ ತೂಕದಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆಯೇ.

ಶುಂಠಿ ಮತ್ತು ಕಾಳುಮೆಣಸಿನ ಕಷಾಯವನ್ನು ಜೇನಿನ ಪಕ್ಕಕ್ಕೆ ಇಟ್ಟು ನೋಡಿದರೆ, ಒಂದು ರಾತ್ರಿಯ ಮದ್ದು, ಇನ್ನೊಂದು ಹಗಲಿನ ಮದ್ದು ಎಂದು ನನಗೆ ತೋರಿತು. ಹೆಬ್ಬೆರಳಿನ ಗಾತ್ರದ ಹಸಿಶುಂಠಿಯನ್ನು ಜಜ್ಜಿ, ನಾಲ್ಕು ಮೆಣಸಿನ ಕಾಳು ಹಾಕಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ ಕುಡಿದಾಗ ಕಟ್ಟಿದ ಮೂಗು ಬಿಟ್ಟಂತಾಗಿ, ಮೈ ಬೆಚ್ಚಗಾಗಿ, ತಲೆಯ ಭಾರ ಇಳಿಯುತ್ತಿತ್ತು. ಬಿಸಿ ಪಾನೀಯ ಕುಡಿದೊಡನೆ ನೆಗಡಿಯ ಬಾಧೆ ತಗ್ಗಿದಂತೆ ಅನಿಸಿದರೂ ಮೂಗಿನಲ್ಲಿ ಗಾಳಿಯ ಹರಿವು ಅಳತೆಗೆ ಸಿಗುವಷ್ಟು ಹೆಚ್ಚುವುದಿಲ್ಲವೆಂದು 2008ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಅಂದರೆ ಆ ನೆಮ್ಮದಿಯಲ್ಲಿ ಬಿಸಿಯ ಪಾಲು ದೊಡ್ಡದೇ ಇರಬೇಕು. ರಾತ್ರಿಯ ಮಟ್ಟಿಗೆ ಈ ಕಷಾಯ ನನಗೆ ಒಗ್ಗಲಿಲ್ಲ. ಮಲಗಿದಾಗ ಎದೆಯುರಿ ಮೇಲೇರುತ್ತಿತ್ತು, ಹಾಗೆ ಮೇಲೇರುವ ಆಮ್ಲವೇ ಗಂಟಲನ್ನು ಕೆರಳಿಸಿ ಇನ್ನೊಂದು ಸುತ್ತು ಕೆಮ್ಮು ತರುತ್ತಿತ್ತು. ಒಣಶುಂಠಿಯಿಂದ ಮಾಡಿದಾಗ ಇದು ಇನ್ನೂ ಹೆಚ್ಚು, ಏಕೆಂದರೆ ಶುಂಠಿ ಒಣಗುವಾಗ ಅದರ ಜಿಂಜರಾಲ್ ಎಂಬ ಅಂಶ ಅದಕ್ಕಿಂತ ಖಾರವಾದ ಶೋಗಾಲ್ ಆಗಿ ಮಾರ್ಪಡುತ್ತದೆ. ದಿನವೂ ಮಾತ್ರೆ ನುಂಗುವವರು ಮೆಣಸನ್ನು ಮದ್ದಿನ ಪ್ರಮಾಣದಲ್ಲಿ ಬಳಸುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು. ಅದರಲ್ಲಿರುವ ಪೈಪರಿನ್ ಕೆಲವು ಔಷಧಿಗಳು ದೇಹದಲ್ಲಿ ಕರಗುವ ವೇಗವನ್ನು ತಗ್ಗಿಸಿ, ರಕ್ತದಲ್ಲಿ ಅವುಗಳ ಮಟ್ಟವನ್ನು ಏರಿಸಬಲ್ಲದು.

ಜೇನಿಗೆ ನಿಜವಾದ ಪೈಪೋಟಿ ಕೊಟ್ಟದ್ದು ಜ್ಯೇಷ್ಠಮಧು. ಕಡ್ಡಿಯಂತಿರುವ ಈ ಬೇರಿನ ಚೂರನ್ನು ದವಡೆಯಲ್ಲಿಟ್ಟು ಮೆಲ್ಲಗೆ ಕಚ್ಚಿದರೆ ಮೊದಲು ಮರದ ನಾರಿನ ಸಪ್ಪೆ, ಸ್ವಲ್ಪ ಹೊತ್ತಿನ ಮೇಲೆ ಬಾಯಿತುಂಬ ಸಿಹಿ, ಮತ್ತೆ ಗಂಟಲಿಗೆ ತಂಪು. ಹಗಲಿನಲ್ಲಿ ಮಾತನಾಡುವಾಗ ಬರುವ ಒಣ ಕೆಮ್ಮಿಗೆ ಇದರ ಸಮಕ್ಕೆ ನಿಲ್ಲುವ ಮದ್ದು ನಾನು ಬೇರೆ ಕಂಡಿಲ್ಲ. ರಾತ್ರಿ ಇದರ ಕಷಾಯ ಕುಡಿದಾಗಲೂ ಎರಡೇ ಸಲ ಎದ್ದೆ. ಇಷ್ಟು ಹಿತವಾಗಿದ್ದರಿಂದಲೇ ನಾನು ತಪ್ಪು ಮಾಡಿದೆ: ಐದು ರಾತ್ರಿಗಳ ಪರೀಕ್ಷೆ ಮುಗಿದ ಮೇಲೂ ನಿಲ್ಲಿಸದೆ, ಹಗಲೆಲ್ಲ ಒಂದಾದ ಮೇಲೊಂದು ಚೂರನ್ನು ಬಾಯಲ್ಲಿ ಇಟ್ಟುಕೊಂಡು ಹದಿನಾರು ದಿನ ಮುಂದುವರಿಸಿದೆ. ಒಂದು ಸಂಜೆ ಕಾಲುಚೀಲ ಕಳಚಿದಾಗ ಅದರ ಪಟ್ಟಿ ಕೂತಿದ್ದ ಜಾಗದಲ್ಲಿ ಬೆರಳು ಹೂತುಹೋಗುವಷ್ಟು ಆಳದ ಗೆರೆ ಬಿದ್ದಿತ್ತು. ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರೆ ಆ ಗುಳಿ ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಮನೆಯಲ್ಲಿದ್ದ ಯಂತ್ರದಲ್ಲಿ ರಕ್ತದೊತ್ತಡ ನೋಡಿಕೊಂಡರೆ, ಎಂದೂ 122/78ರ ಆಸುಪಾಸಿನಲ್ಲಿರುತ್ತಿದ್ದದ್ದು 148/92 ತೋರಿಸಿತು. ಮರುದಿನ ಭೇಟಿಯಾದ ವೈದ್ಯರು, ಹೊಸದಾಗಿ ಏನು ತಿನ್ನುತ್ತಿದ್ದೀರಿ ಎಂದು ಕೇಳಿ, ಬೇರಿನ ಹೆಸರು ಹೇಳಿದೊಡನೆ ಅದನ್ನು ನಿಲ್ಲಿಸಲು ಹೇಳಿದರು. ಒತ್ತಡ ಮೊದಲಿನ ಮಟ್ಟಕ್ಕೆ ಬರಲು ಸುಮಾರು ಮೂರು ವಾರ ಬೇಕಾಯಿತು.

ಕಾರಣ ಸ್ಪಷ್ಟವಾಗಿದೆ. ಜ್ಯೇಷ್ಠಮಧುವಿನ ಸಿಹಿಗೆ ಮೂಲವಾದ ಗ್ಲಿಸಿರೈಜಿನ್ ಎಂಬ ಅಂಶವು ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಉಳಿದುಕೊಂಡ ಕಾರ್ಟಿಸಾಲ್, ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಬೇರೊಂದು ಹಾರ್ಮೋನಿನಂತೆ ವರ್ತಿಸಿ, ಸೋಡಿಯಂ ಮತ್ತು ನೀರು ಮೈಯಲ್ಲಿ ನಿಲ್ಲುವಂತೆಯೂ ಪೊಟ್ಯಾಸಿಯಂ ಸೋರಿಹೋಗುವಂತೆಯೂ ಮಾಡುತ್ತದೆ. ಪೊಟ್ಯಾಸಿಯಂ ತೀರ ಇಳಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಯುರೋಪಿನ ಆಹಾರ ತಜ್ಞರ ಸಮಿತಿ ಈ ಅಂಶವನ್ನು ದಿನಕ್ಕೆ 100 ಮಿಲಿಗ್ರಾಂಗಿಂತ ಹೆಚ್ಚು ನಿಯಮಿತವಾಗಿ ಸೇವಿಸಬಾರದೆಂದು ಹೇಳಿದೆ. ಬೇರಿನಲ್ಲಿ ಇದು ನೂರಕ್ಕೆ ನಾಲ್ಕು ಪಾಲು ಇದೆಯೆಂದು ಹಿಡಿದರೂ ಎರಡೂವರೆ ಗ್ರಾಂ ಬೇರಿನಲ್ಲಿ ಆ ಮಿತಿ ಮುಗಿಯುತ್ತದೆ. ನಾನು ದಿನಕ್ಕೆ ಅದರ ಎರಡರಷ್ಟಾದರೂ ಜಗಿದಿರಬೇಕು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಇದನ್ನು ಮುಟ್ಟದಿರುವುದೇ ಲೇಸು. ಗಂಟಲಿಗೆ ಇಷ್ಟು ಮೃದುವಾದ ಬೇರು ಒಳಗೆ ಇಷ್ಟು ಬಲವಾಗಿ ಕೆಲಸ ಮಾಡೀತೆಂದು ನಾನು ಎಣಿಸಿರಲಿಲ್ಲ. ಗಿಡಮೂಲಿಕೆಗಳಿಗೆ ಅಡ್ಡಪರಿಣಾಮವಿಲ್ಲ ಎಂದು ಯಾರಾದರೂ ಹೇಳಿದಾಗ ಈಗ ನಾನು ಸುಮ್ಮನಿರುವುದಿಲ್ಲ.

ಆಡುಸೋಗೆ ಬೇರೆಯೇ ಬಗೆಯದು. ಒಣ ಕೆಮ್ಮಿಗೆ ಅದರಿಂದ ನನಗೆ ಏನೂ ಆಗಲಿಲ್ಲ, ಆದರೆ ಎದೆಯಲ್ಲಿ ಕಫ ಗಟ್ಟಿಯಾಗಿ ಕೂತು ಎಷ್ಟು ಕೆಮ್ಮಿದರೂ ಹೊರಬರದಿದ್ದ ನೆಗಡಿಯೊಂದರಲ್ಲಿ, ಮೂರು ಎಲೆಗಳ ಕಷಾಯ ಕುಡಿದ ಎರಡನೆಯ ದಿನದಿಂದ ಕಫ ಸಡಿಲವಾಗಿ ಬರತೊಡಗಿತು. ನಾಲಿಗೆಯ ಮೇಲೆ ಅರ್ಧ ಗಂಟೆ ನಿಲ್ಲುವ ಆ ಕಹಿಯನ್ನು ಸಹಿಸಬಲ್ಲವರಿಗೆ ಮಾತ್ರ ಇದು. ಈ ಎಲೆಯ ವ್ಯಾಸಿಸಿನ್ ಎಂಬ ಅಂಶದ ಮಾದರಿಯಲ್ಲೇ ಬ್ರೋಮ್‌ಹೆಕ್ಸಿನ್ ಎಂಬ ಕಫ ಸಡಿಲಿಸುವ ಔಷಧಿ ರೂಪುಗೊಂಡು 1963ರಲ್ಲಿ ಬಳಕೆಗೆ ಬಂತು. ಇಂದು ಕಫ ಕರಗಿಸಲು ಕೊಡುವ ಆ್ಯಂಬ್ರಾಕ್ಸಾಲ್ ಕೂಡ ಅದೇ ಕುಲದ್ದು. ಅದೇ ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವ ಗುಣವನ್ನೂ ಹೊಂದಿರುವುದರಿಂದ ಗರ್ಭಿಣಿಯರು ಆಡುಸೋಗೆಯನ್ನು ಖಂಡಿತ ಸೇವಿಸಬಾರದು.

ತುಳಸಿಯ ಕಷಾಯ ಕುಡಿಯಲು ಹಿತವಾಗಿತ್ತು. ಬಿಸಿನೀರಿಗಿಂತ ಅದು ಹೆಚ್ಚು ಏನು ಮಾಡಿತೆಂದು ನನ್ನ ಟಿಪ್ಪಣಿಗಳಲ್ಲಿ ಕಾಣುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು ನುಂಗುವಾಗಿನ ಗಂಟಲು ನೋವಿಗೆ ಒಳ್ಳೆಯದು, ಕೆಮ್ಮಿಗೆ ಅದರಿಂದ ಲಾಭವಿಲ್ಲ. ಅದೇ ನೆಗಡಿಯಲ್ಲಿ ಹಬೆಯನ್ನೂ ತೆಗೆದುಕೊಂಡಿದ್ದೆ. ಅದರಿಂದ ಸಿಗುವ ಬಿಡುವು ಅರ್ಧ ಗಂಟೆಯದು, ಆದರೆ ಕುದಿಯುವ ನೀರಿನ ಪಾತ್ರೆಯ ಮೇಲೆ ಬಾಗಿ ಕೂರುವಾಗಿನ ಸುಟ್ಟಗಾಯದ ಅಪಾಯ ನಿಜವಾದದ್ದು. ಮಕ್ಕಳಿಗಂತೂ ಅದನ್ನು ಕೊಡಲೇಬಾರದು ಎಂಬುದು ನನ್ನ ನಿಲುವು.

ಇವೆಲ್ಲ ಸಾಮಾನ್ಯ ನೆಗಡಿಯ ಕೆಮ್ಮಿಗೆ ಮಾತ್ರ ಸಲ್ಲುತ್ತವೆ. ಕಫದಲ್ಲಿ ರಕ್ತ ಕಂಡರೆ, ಉಸಿರಾಟ ಕಷ್ಟವಾದರೆ, ಜ್ವರ ಇಳಿದು ಮತ್ತೆ ಏರಿದರೆ, ತೂಕ ಇಳಿಯುತ್ತಿದ್ದರೆ, ಅಥವಾ ಮೂರು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ ಒಲೆಯ ಮುಂದೆ ಕಷಾಯ ಕುದಿಸುತ್ತ ಕೂರದೆ ವೈದ್ಯರ ಬಳಿಗೆ ಹೋಗಬೇಕು.

ಎಂಟನೆಯ ನೆಗಡಿ ಬಂದಾಗ, ಎರಡು ಒಳ್ಳೆಯ ಮದ್ದುಗಳು ಸೇರಿದರೆ ಇನ್ನೂ ಒಳ್ಳೆಯದಾಗಬಹುದೆಂದು, ತಣಿದ ಶುಂಠಿ ಕಷಾಯಕ್ಕೆ ಜೇನು ಬೆರೆಸಿ ಐದು ರಾತ್ರಿ ಕುಡಿದೆ. ಬರೀ ಜೇನು ಸೇವಿಸಿದ ರಾತ್ರಿಗಳಿಗಿಂತ ಒಂದು ಸಲ ಹೆಚ್ಚೇ ಎದ್ದೆ; ನೀರಿನಲ್ಲಿ ತೆಳುವಾದ ಜೇನು ಗಂಟಲಿನಲ್ಲಿ ನಿಲ್ಲದೆ ಕೆಳಗಿಳಿದುಹೋಗುತ್ತದೆ ಎಂದು ಕಾಣುತ್ತದೆ. ಈಗ ಶುಂಠಿಯನ್ನು ಸಂಜೆ ಆರು ಗಂಟೆಯೊಳಗೆ ಕುಡಿದು ಮುಗಿಸುತ್ತೇನೆ, ಜೇನನ್ನು ಹಾಗೆಯೇ ಚಮಚದಲ್ಲಿ ಮಲಗುವ ಮುಂಚೆ ತೆಗೆದುಕೊಳ್ಳುತ್ತೇನೆ. ಜ್ಯೇಷ್ಠಮಧುವಿನ ಡಬ್ಬಿ ಮನೆಯಲ್ಲಿ ಇನ್ನೂ ಇದೆ. ಅದರ ಮುಚ್ಚಳದ ಮೇಲೆ, ದಿನಕ್ಕೆ ಒಂದು ಸಣ್ಣ ಚೂರು, ಐದು ದಿನ ಮಾತ್ರ ಎಂದು ಬರೆದು ಅಂಟಿಸಿದ್ದೇನೆ.